ಕಡಲಿಗೆ ಬೆನ್ನು, ಕಣಕ್ಕೆ ಕಣ್ಣು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಜೆ ಕಳೆಯುವುದು ನನಗೆ ಬರುವುದಿಲ್ಲ. ಈಜು ಬಾರದವರು, ಸೈಕಲ್ ಬಾರದವರು ಇರುವ ಹಾಗೆ ಲೋಕದಲ್ಲಿ ರಜೆ ಬಾರದವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮೂಡಿಗೆರೆಯ ಸುತ್ತಮುತ್ತ ಐದಾರು ಎಕರೆ ಕಾಫಿ ಇಟ್ಟುಕೊಂಡು ಬದುಕುತ್ತಿದ್ದಾರೆ ಎಂಬುದು ನನ್ನ ಅಂದಾಜು. ಉಳಿದ ಜನಕ್ಕೆ ಡಿಸೆಂಬರ್ ಎಂದರೆ ಕ್ರಿಸ್‌ಮಸ್ ರಜೆ, ಪ್ರವಾಸ, ಫೋಟೋ. ನಮಗೆ ಡಿಸೆಂಬರ್ ಎಂದರೆ ಹಣ್ಣು ಕೊಯ್ಲು, ಪಲ್ಪರ್, ಆಮೇಲೆ ಕಣ. ಪಲ್ಪರ್ ಯಂತ್ರದಲ್ಲಿ ಕೆಂಪು ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಆ ಬೀಜವನ್ನು ಮನೆ ಮುಂದಿನ ಸಿಮೆಂಟಿನ ಕಣದಲ್ಲಿ ಹರವಿ ಎಂಟು ಹತ್ತು ದಿನ ಒಣಗಿಸಬೇಕು. ಅದಕ್ಕೆ ಪಾರ್ಚ್‌ಮೆಂಟ್ ಎನ್ನುತ್ತೇವೆ. ಅರ್ಧ ಒಣಗಿದ ಪಾರ್ಚ್‌ಮೆಂಟಿನ ಮೇಲೆ ಒಂದು ಗಟ್ಟಿ ಮಳೆ ಬಿದ್ದರೆ ಸಾಕು, ಬಣ್ಣ ಕೆಟ್ಟು, ಬೂಸಲು ವಾಸನೆ ಹತ್ತಿ, ವರ್ಷವಿಡೀ ಮಾಡಿದ ದುಡಿಮೆ ಕಣ್ಣೆದುರೇ ಹಾಳಾಗುತ್ತದೆ. ಚಳಿಗಾಲದಲ್ಲಿ ಎಂಥ ಮಳೆ ಎಂದು ನೀವು ಕೇಳಬಹುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂಡಿಗೆರೆಯಲ್ಲಿ ನಮ್ಮ ರಕ್ತದೊತ್ತಡ ಏರುತ್ತದೆ. ಮಳೆಗಾಲದ ಮಳೆ ಪಡುವಣದಿಂದ ಸದ್ದು ಮಾಡಿಕೊಂಡು ಬರುತ್ತದೆ. ಈ ಚಳಿಗಾಲದ ಮಳೆ ಮೂಡಣದಿಂದ, ಹೇಳದೆ ಕೇಳದೆ ಬರುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ನಾನು ಊಟಕ್ಕೆ ಕೂರುವುದೂ ಪೂರ್ವಕ್ಕೆ ಮುಖ ಮಾಡಿಯೇ. ನನ್ನ ಹೆಂಡತಿ ಸುಜಾತ ಇದನ್ನು ಬಹಳ ವರ್ಷ ದೈವಭಕ್ತಿ ಎಂದೇ ತಿಳಿದಿದ್ದಳು.

ನಮ್ಮ ಮಗಳು ಸಿಂಚನ ಒಂಬತ್ತನೇ ತರಗತಿ. ಮೂರು ಗಂಟೆ ಘಾಟಿ ಇಳಿದರೆ ಸಿಗುವ ಸಮುದ್ರವನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಪ್ಪು ನನ್ನದೇ. ‘ಕೊಯ್ಲು ಮುಗೀಲಿ’ ಎನ್ನುತ್ತಾ ಬಂದೆ. ಕೊಯ್ಲು ಮುಗಿಯುವ ಹೊತ್ತಿಗೆ ಅವಳ ಪರೀಕ್ಷೆ, ಪರೀಕ್ಷೆ ಮುಗಿದರೆ ಗಿಡಗಳಿಗೆ ನೀರು, ನೀರಾದ ಮೇಲೆ ಮಳೆಗಾಲ. ಪ್ರತಿ ವರ್ಷ ಜನವರಿಯಲ್ಲಿ ಅವಳ ಶಾಲೆಯಲ್ಲಿ ‘ರಜೆಯನ್ನು ನಾನು ಕಳೆದ ಬಗೆ’ ಎಂದು ಪ್ರಬಂಧ ಬರೆಸುತ್ತಾರೆ. ಪ್ರತಿ ವರ್ಷ ಅವಳು ಕಣದಲ್ಲಿ ಬೀಜ ಮಗುಚಿದ್ದನ್ನು ಬರೆಯುತ್ತಾಳೆ. ಹೋದ ವರ್ಷ ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಹಳೆಯ ಪ್ರಬಂಧವನ್ನೇ ನಕಲು ಮಾಡಿದ್ದೀಯ’ ಎಂದು ಬರೆದು ಕಳಿಸಿದರು. ಸುಜಾತ ಆ ಪುಸ್ತಕವನ್ನು ನನ್ನ ಊಟದ ತಟ್ಟೆಯ ಪಕ್ಕ ತೆರೆದಿಟ್ಟಳು, ಒಂದು ಮಾತೂ ಆಡಲಿಲ್ಲ. ಅವಳು ಬೈದರೆ ನನಗೆ ಅಂಥ ಭಯವಿಲ್ಲ, ಸುಮ್ಮನಿದ್ದರೆ ಅನ್ನ ಇಳಿಯುವುದಿಲ್ಲ. ಬರುವ ಡಿಸೆಂಬರಿನಲ್ಲಿ ಮೂರು ದಿನ ಮಂಗಳೂರು ಎಂದು ಅಲ್ಲೇ ಮಾತು ಕೊಟ್ಟುಬಿಟ್ಟೆ.

ಕೊಟ್ಟ ಮಾತಿನ ಡಿಸೆಂಬರ್ ಬಂದೇಬಿಟ್ಟಿತು. ಕಣದ ತುಂಬ ನಾಲ್ಕು ದಿನದ ಪಾರ್ಚ್‌ಮೆಂಟ್, ಅಂದರೆ ಹಸಿಯೂ ಅಲ್ಲದ ಒಣಗಿಯೂ ಇರದ, ಅತ್ಯಂತ ನಾಜೂಕಿನ ಸ್ಥಿತಿ. ನೋಡಿಕೊಳ್ಳಲು ಸುಶೀಲಕ್ಕ ಇದ್ದರು. ಸುಶೀಲಕ್ಕ ನಮ್ಮಪ್ಪನ ಕಾಲದಿಂದ ನಮ್ಮ ಕಣದ ಕೆಲಸ ಮಾಡುತ್ತಿರುವವರು. ನನಗೆ ಐವತ್ತೆರಡಾಗಿ ಮಂಡಿ ನೋವು ಶುರುವಾದರೂ ಅವರಿಗೆ ನಾನಿನ್ನೂ ಸಣ್ಣಯ್ಯನೇ. ಅಂಥವರನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದೆ. ಗಂಟೆಗೊಮ್ಮೆ ಹಲಗೆ ಎಳೆದು ಬೀಜ ಮಗುಚಬೇಕು, ಪೂರ್ವದಲ್ಲಿ ಮೋಡ ಕಂಡರೆ ರಾಶಿ ಮಾಡಿ ಟಾರ್ಪಾಲು ಹೊದೆಸಬೇಕು, ಟಾರ್ಪಾಲಿನ ಮೇಲೆ ಕಲ್ಲು ಇಡಬೇಕು. ಅವರು ಎಲೆಯಡಿಕೆ ಮೆಲ್ಲುತ್ತಾ ಎಲ್ಲವನ್ನೂ ಕೇಳಿ, “ಕಲ್ಲು ಎಷ್ಟು ಇಡ್ಲಿ ಸಣ್ಣಯ್ಯ?” ಎಂದರು. ಅದು ವ್ಯಂಗ್ಯ ಎಂದು ನನಗೆ ಹೊಳೆದದ್ದು ಚಾರ್ಮಾಡಿ ಘಾಟಿಯ ಅರ್ಧ ಇಳಿದ ಮೇಲೆ. ನಾನು ನಿಜವಾಗಿಯೂ ಹನ್ನೆರಡು ಎಂದು ಉತ್ತರ ಕೊಟ್ಟಿದ್ದೆ.

ಮೊದಲ ದಿನ ಮಂಗಳೂರು ಪೇಟೆ ನೋಡಿದೆವು. ನೋಡಿದೆವು ಎಂದರೆ ಅವರಿಬ್ಬರು ನೋಡಿದರು. ನಾನು ಫೋನಿನಲ್ಲಿದ್ದೆ. ನಮ್ಮ ಕಣದಲ್ಲಿ ಸಿಗ್ನಲ್ ಸಿಗುವುದಿಲ್ಲ; ಕೆಳಗೆ ಗೇಟಿನ ಹತ್ತಿರ ಮಾತ್ರ ಸಿಗುತ್ತದೆ. ಸುಶೀಲಕ್ಕ ತಮ್ಮ ಫೋನನ್ನು ಚೀಲದಲ್ಲಿ ಹಾಕಿ ಗೇಟಿನ ಕಂಬಕ್ಕೆ ನೇತುಹಾಕಿರುತ್ತಾರೆ. ಅದು ಅಲ್ಲಿ ಬಡಿದುಕೊಂಡಾಗ ಕಣ ಬಿಟ್ಟು ಇಳಿಜಾರಿನಲ್ಲಿ ಓಡಿ ಬಂದು ಎತ್ತಬೇಕು. ಹಂಪನಕಟ್ಟೆಯಲ್ಲಿ ಸಿಂಚನ ಬಸ್ಸುಗಳ ವೇಗ ನೋಡಿ ಬಾಯಿ ಬಿಟ್ಟು ನಿಂತಾಗ ಒಮ್ಮೆ ಫೋನ್ ಮಾಡಿದೆ. ಗೋಳಿಬಜೆ ತಿನ್ನುವಾಗ ಒಮ್ಮೆ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ನಮ್ಮ ಹತ್ತಿರ ಬರುವಷ್ಟರಲ್ಲಿ ಇನ್ನೊಮ್ಮೆ. ಐಸ್‌ಕ್ರೀಮ್ ಅಂಗಡಿಯಲ್ಲಿ ಎತ್ತರದ ಗಾಜಿನ ಲೋಟ ಬಂದು ಕೂತಿತ್ತು. ಮಗಳು ಅದರ ಒಂದೊಂದೇ ಪದರವನ್ನು ಹೆಸರು ಹಿಡಿದು ತೋರಿಸುತ್ತಿದ್ದಳು. ನಾನು ಕಿವಿಗೆ ಫೋನ್ ಇಟ್ಟುಕೊಂಡೇ ತಲೆಯಾಡಿಸುತ್ತಿದ್ದೆ. ಅತ್ತ ಸುಶೀಲಕ್ಕ ಏದುಸಿರು ಬಿಡುತ್ತಾ ಹೇಳಿದರು: “ಸಣ್ಣಯ್ಯ, ಇಲ್ಲಿ ಹಂಚು ಕಾದ ಹಾಗೆ ಬಿಸಿಲಿದೆ. ನಾನು ಕಣ ನೋಡ್ಲೋ, ನಿಮ್ಮ ಫೋನಿಗೆ ಓಡ್ಲೋ, ಯಾವ್ದಾದ್ರೂ ಒಂದು ಹೇಳಿ.” ಎರಡನ್ನೂ ಮಾಡಿ ಎಂದೆ. ನನ್ನ ಐಸ್‌ಕ್ರೀಮ್ ಅಷ್ಟರಲ್ಲಿ ಪಾಯಸವಾಗಿತ್ತು.

ಎರಡನೆಯ ದಿನ ದೋಣಿಯಲ್ಲಿ ನದಿ ದಾಟಿ ತಣ್ಣೀರುಬಾವಿಯ ಕಡಲ ತೀರಕ್ಕೆ ಹೋದೆವು. ಗಾಳಿಮರಗಳ ಸಾಲು ದಾಟಿದ ಕೂಡಲೇ ಸಮುದ್ರ ಎದುರಿಗೆ ನಿಂತಿತು. ಸಿಂಚನ ಚಪ್ಪಲಿಯನ್ನು ಎಲ್ಲಿ ಬಿಟ್ಟಳೋ ಅವಳಿಗೇ ಗೊತ್ತಿಲ್ಲ, ಓಡಿಯೇ ಓಡಿದಳು. ಸುಜಾತ ಸೀರೆ ಎತ್ತಿ ಹಿಡಿದು ಅವಳ ಹಿಂದೆ ಹೋದಳು. ನಾನು ಮರಳಿನ ಮೇಲೆ ಕೂತೆ, ಸಮುದ್ರಕ್ಕೆ ಬೆನ್ನು ಹಾಕಿ. ನೀವು ನಗಬೇಡಿ. ನಮ್ಮ ಕಣ ಇರುವುದು ಪೂರ್ವಕ್ಕೆ, ಮೋಡ ಬರುವುದು ಪೂರ್ವದಿಂದ, ಸಮುದ್ರ ಇರುವುದು ಪಶ್ಚಿಮಕ್ಕೆ. ಇದರಲ್ಲಿ ನನ್ನ ತಪ್ಪೇನಿದೆ? ತೊಂದರೆ ಏನೆಂದರೆ ಆ ಗಾಳಿಮರಗಳು ಘಟ್ಟದ ಸಾಲನ್ನು ಪೂರ್ತಿ ಮರೆ ಮಾಡಿದ್ದವು. ಹಿಂದಕ್ಕೆ ಸರಿದಷ್ಟೂ ಮರಗಳ ತಲೆಯ ಮೇಲಿನಿಂದ ಆಕಾಶ ಚೆನ್ನಾಗಿ ಕಾಣುತ್ತಿತ್ತು. ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿದೆ. ಕೊನೆಗೆ ಮೊಣಕಾಲುದ್ದ ನೀರಿನಲ್ಲಿ, ಕೈಯನ್ನು ಹಣೆಗೆ ಅಡ್ಡ ಹಿಡಿದು, ಭೂಮಿಯನ್ನು ಮೊದಲ ಸಲ ಕಂಡವನ ಹಾಗೆ ನಿಂತಿದ್ದೆ. ತೀರ ಕಾಯುವ ಸಿಬ್ಬಂದಿಯವನೊಬ್ಬ ಸೀಟಿ ಊದಿ, “ನೀವು ಎಂತ ನೋಡುವುದು ಮಾರಾಯ್ರೆ? ಸಮುದ್ರ ಇರುವುದು ಆಚೆ,” ಎಂದು ಕೂಗಿದ.

ನನಗೆ ಬೇಕಾದದ್ದು ಕಂಡಿತ್ತು, ಅಥವಾ ಬೇಡವಾದದ್ದು. ಘಟ್ಟದ ನೆತ್ತಿಯ ಮೇಲೆ, ಕಡುಗಪ್ಪಲ್ಲ, ಅಡುಗೆಮನೆಯ ಗೋಡೆಯ ಮಸಿಯಂಥ ಬಣ್ಣದ ಮೋಡ. ಮಧ್ಯಾಹ್ನ ಮೂರು ಗಂಟೆ. ಜೇಬಿನಿಂದ ಫೋನ್ ತೆಗೆದು ಸುಶೀಲಕ್ಕನ ಹೆಸರು ಒತ್ತಿದೆ. ರಿಂಗ್ ಆಗುವ ಮೊದಲೇ ಬೆನ್ನಿಗೆ ಯಾರೋ ಗೋಣಿಚೀಲ ಎಸೆದ ಹಾಗಾಯಿತು. ಆಮೇಲೆ ನನಗೆ ಗೊತ್ತಿರುವುದು ಇಷ್ಟೇ: ಮೂಗಿನಲ್ಲಿ ಉಪ್ಪು, ಬಾಯಲ್ಲಿ ಮರಳು, ಕನ್ನಡಕ ಒಂದು ಕಿವಿಯಲ್ಲಿ. ಸಿಂಚನ ನನ್ನ ತೋಳು ಹಿಡಿದು ಎಳೆಯುತ್ತಿದ್ದಳು. ಫೋನು ಮಾತ್ರ ಕೈಯಲ್ಲೇ ಇತ್ತು, ಬಿಟ್ಟಿರಲಿಲ್ಲ. ಅದರ ಪರದೆ ಒಮ್ಮೆ ಹಸಿರಾಗಿ, ಒಮ್ಮೆ ನೇರಳೆಯಾಗಿ, ಕಡೆಗೆ ಪೂರ್ತಿ ಕಪ್ಪಾಯಿತು.

ಸುಜಾತಳ ಫೋನ್ ಕೇಳಿದೆ. “ಸುಶೀಲಕ್ಕನ ನಂಬರ್ ನನ್ನ ಹತ್ರ ಎಲ್ಲಿದೆ? ಕಣದ ಉಸಾಬರಿ ನಿಮ್ಮದಲ್ವಾ,” ಎಂದಳು. ಊರಿನ ಬೇರೆ ಯಾರಿಗಾದರೂ ಮಾಡೋಣವೆಂದರೆ, “ಅವರ ಕಣ ಬಿಡಿಸಿ ನಮ್ಮ ಕಣ ನೋಡೋಕೆ ಓಡಿಸ್ತೀರಾ? ಮರ್ಯಾದೆ ಇಲ್ವಾ ನಿಮಗೆ?” ಎಂದು ಗದರಿದಳು. ಅದೂ ನ್ಯಾಯವೇ. ಆ ಮೋಡ ಕಂಡವರೆಲ್ಲ ಈಗ ತಂತಮ್ಮ ಟಾರ್ಪಾಲು ಎಳೆಯುತ್ತಿರುತ್ತಾರೆ. ಈಗಲೇ ಹೊರಟುಬಿಡೋಣ ಎಂದೆ. ಮೂರು ಗಂಟೆ ಪ್ರಯಾಣ, ಅಷ್ಟರಲ್ಲಿ ಮಳೆ ಬಂದು ಹೋಗಿಯೂ ಆಗಿರುತ್ತದೆ ಎಂದಳು. ಒದ್ದೆ ಪ್ಯಾಂಟಿನಲ್ಲಿ ಮರಳ ಮೇಲೆ ಕುಸಿದು ಕೂತೆ. ಮೋಡ, ಕಣ, ಗೇಟಿನ ಕಂಬದ ಚೀಲ, ಎಲ್ಲವೂ ನನ್ನ ಕೈಮೀರಿ ಹೋಗಿದ್ದವು. ಸ್ವಲ್ಪ ಹೊತ್ತಿಗೆ ಸುಜಾತಳಿಗೆ ಯಾರದೋ ಫೋನ್ ಬಂತು. ಎದ್ದು ದೂರ ಹೋಗಿ ಮಾತಾಡಿ ಬಂದು, “ಅಕ್ಕ,” ಎಂದಳು. ಅವಳಿಗೆ ಒಡಹುಟ್ಟಿದ ಅಕ್ಕ ಇರುವುದು ನಿಜ. ಬರುವಾಗ ಮೂರು ಪೊಟ್ಟಣ ಚರುಮುರಿ ತಂದಳು, ಮುಖದಲ್ಲಿ ನಗು ಬೇರೆ. ಮುಳುಗುತ್ತಿರುವವನ ಎದುರು ಚರುಮುರಿ ತಿನ್ನುವ ಇವಳೆಂಥ ಹೆಂಗಸು ಎಂದುಕೊಂಡೆ.

ಆದರೆ ಒಂದು ವಿಚಿತ್ರ ನಡೆಯಿತು. ಮಾಡಲು ಏನೂ ಉಳಿಯದಿದ್ದಾಗ ನಾನು ತಿರುಗಿ ಕೂತೆ. ಅಷ್ಟರಲ್ಲಿ ಸೂರ್ಯ ಇಳಿದು ನೀರಿನಿಂದ ಒಂದು ಮಾರಿನಷ್ಟೇ ಮೇಲಿದ್ದ. ಸಿಂಚನ ಅಲೆ ಬಂದಾಗ ಹಿಂದಕ್ಕೆ, ಅಲೆ ಹೋದಾಗ ಮುಂದಕ್ಕೆ ಓಡುತ್ತಾ, ಅದೇ ಆಟವನ್ನು ನೂರನೆಯ ಸಲ ಆಡುತ್ತಿದ್ದಳು. ಪ್ರತಿ ಸಲವೂ ನನ್ನ ಕಡೆ ನೋಡುತ್ತಿದ್ದಳು, ಅಪ್ಪ ನೋಡಿದರೋ ಇಲ್ಲವೋ ಎಂದು. ನಿನ್ನೆಯಿಂದಲೂ ಹಾಗೆಯೇ ನೋಡುತ್ತಿದ್ದಳೇನೋ, ನನಗೆ ತಿಳಿಯದು. ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ. ಸೂರ್ಯ ಮುಳುಗುವವರೆಗೂ ಅಪ್ಪ ಮಗಳು ಅಲೆಗಳಿಗೆ ಹೆದರಿದ ಹಾಗೆ ಓಡಿದೆವು. “ಅಪ್ಪ, ನಿಮಗೆ ಇಷ್ಟು ನಗೋಕೆ ಬರುತ್ತಾ?” ಎಂದಳು. ನನಗೆ ನಾಚಿಕೆಯೂ ಆಯಿತು, ಸುಖವೂ ಆಯಿತು. ಎಷ್ಟೋ ವರ್ಷದ ಮೇಲೆ ಡಿಸೆಂಬರಿನ ಒಂದು ಸಂಜೆಯನ್ನು ಪಶ್ಚಿಮಕ್ಕೆ ಮುಖ ಮಾಡಿ ಕಳೆದಿದ್ದೆ.

ಮರುದಿನ ಬೆಳಿಗ್ಗೆ ಸೋಮೇಶ್ವರದ ಬಂಡೆಗಳ ಮೇಲೆ ಕೂತು ಇನ್ನೊಮ್ಮೆ ಕಡಲು ನೋಡಿಕೊಂಡು ಹೊರಟೆವು. ಘಾಟಿ ಹತ್ತುವವರೆಗೂ ನನ್ನ ಧೈರ್ಯ ಪರವಾಗಿಲ್ಲ ಎನ್ನುವಂತಿತ್ತು. ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿ ನೋಡುತ್ತೇನೆ, ರಸ್ತೆಯ ಪಕ್ಕದ ಗುಂಡಿಗಳಲ್ಲೆಲ್ಲ ಕೆಂಪು ನೀರು. ಹೋಟೆಲಿನವನನ್ನು ಕೇಳಿದೆ. “ನಿನ್ನೆ ಸಂಜೆ ಹೊಡೀತಲ್ಲ ಸಾರ್, ಒಂದು ಗಂಟೆ. ಸುಮಾರು ಕಣ ನೆಂದಿದೆಯಂತೆ,” ಎಂದ. ನಾನು ಕಾರಿನ ಕಡೆ ತಿರುಗಿದೆ. ಸುಜಾತ ಮಾತ್ರ, “ನೀರುದೋಸೆ ತಿಂದೇ ಹೋಗೋಣ, ಸಿಂಚುಗೆ ಹಸಿವಾಗಿದೆ,” ಎಂದು ಮೇಜು ಹುಡುಕಿ ಕೂತಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಎದೆ ಹೀಗೆ ಕಲ್ಲಾದದ್ದು ಯಾವಾಗ ಎಂದು ಯೋಚಿಸುತ್ತಾ ನಾನು ಒಂದು ದೋಸೆಯನ್ನು ಇಪ್ಪತ್ತು ತುಂಡು ಮಾಡಿದೆ. ಅವಳು ಆರು ದೋಸೆ ತಿಂದಳು.

ನಮ್ಮ ಗೇಟು ದಾಟಿ ಕಾರು ನಿಲ್ಲಿಸಿದವನೇ ಇಳಿದು ಮೇಲಕ್ಕೆ ಓಡಿದೆ. ಕಣದ ತುಂಬ ಬಿಸಿಲು. ಬಿಸಿಲಿನಲ್ಲಿ ಬೀಜ, ಒಣಗಿದ ಹುಲ್ಲಿನ ಬಣ್ಣದಲ್ಲಿ ಗಲಗಲ ಎನ್ನುವ ಹಾಗೆ. ಸುಶೀಲಕ್ಕ ಹಲಗೆ ಎಳೆಯುತ್ತಾ ಆ ತುದಿಯಿಂದ ಈ ತುದಿಗೆ ಬರುತ್ತಿದ್ದರು. ಒಂದು ಬೀಜ ಎತ್ತಿ ಸಿಪ್ಪೆ ಸುಲಿದು ಕಚ್ಚಿದೆ, ಮೂಸಿದೆ, ಇನ್ನೊಂದು ಮೂಲೆಯಿಂದ ಎತ್ತಿ ಕಚ್ಚಿದೆ. ಎಲ್ಲೂ ಒಂದು ಹನಿ ತಾಗಿರಲಿಲ್ಲ. ಕಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೊತ್ತ ಮೂಟೆ ಇಳಿಸಿದಾಗ ಭುಜ ತಾನಾಗಿ ಮೇಲೇಳುತ್ತದಲ್ಲ, ಹಾಗೆ ಇಡೀ ಮೈ ಹಗುರಾಯಿತು.

“ಮಳೆ ಬಂತಂತಲ್ಲ ಸುಶೀಲಕ್ಕ?” ಎಂದೆ.

“ಬಂತು. ನಾಲ್ಕು ಗಂಟೆಗೆ. ಮೂರೂವರೆಗೇ ಮುಚ್ಚಿ ಆಗಿತ್ತು,” ಎಂದರು. “ನಿಮ್ಮ ಫೋನು ಬರದೇ ಇದ್ದದ್ದು ಒಳ್ಳೇದಾಯ್ತು ನೋಡಿ ಸಣ್ಣಯ್ಯ. ಕಣದಲ್ಲೇ ಇದ್ದೆ, ಮೋಡ ಎದ್ದದ್ದು ಕಂಡಿತು. ಗೇಟಿನ ಹತ್ರ ನಿಂತಿದ್ರೆ ಮನೆ ಅಡ್ಡ, ಎಂತ ಕಾಣ್ಬೇಕು? ಮೊನ್ನೆ ಹನ್ನೊಂದು ಸಲ ಓಡಿಸಿದೀರಿ ನನ್ನನ್ನ.” ಹಲಗೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಸೇರಿಸಿದರು: “ಮುಚ್ಚಿದ ಕೂಡ್ಲೇ ನಿಮಗೆ ಮಾಡಿದೆ, ಹತ್ಲಿಲ್ಲ. ಹೊರಡುವಾಗ ಬರೆದು ಕೊಟ್ಟಿದ್ದ ನಂಬರಿಗೆ ಅಮ್ಮಾವ್ರಿಗೆ ಫೋನ್ ಮಾಡಿ ಹೇಳಿದೆನಲ್ಲ. ಅವ್ರು ಹೇಳ್ಲಿಲ್ವಾ?”

ಅಮ್ಮಾವರು ಆಗಷ್ಟೇ ಕಾರಿನ ಡಿಕ್ಕಿಯಿಂದ ಚೀಲ ಇಳಿಸುತ್ತಿದ್ದರು. ನಾನು ನೋಡಿದೆ. ಅವಳೂ ನೋಡಿದಳು. “ಹೇಳಿದ್ರೆ ನೀವು ಕೂಡ್ಲೇ ಸರಿಯಾಗಿ ಕಲ್ಲು ಇಟ್ಟಿದಾರಾ ಕೇಳು ಅಂತಿದ್ರಿ. ಆಮೇಲೆ ಎಷ್ಟು ಕಲ್ಲು ಅಂತಿದ್ರಿ,” ಎಂದು ಚೀಲ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟು ಬರಬೇಕಿತ್ತು, ಕರೆದರೂ ಬರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಷ್ಟೇ ಅಲ್ಲ, ಯಜಮಾನ ಕಣ್ಣಿಟ್ಟು ಕಾದಾಗ ಓಡಾಟವಷ್ಟೇ ಆಗಿ, ಅವನು ನೀರಿಗೆ ಬಿದ್ದಾಗ ಕಾಫಿ ಉಳಿಯಿತು ಎಂದ ಮೇಲೆ ಸಿಟ್ಟು ಮಾಡುವ ಮುಖವಾದರೂ ನನಗೆಲ್ಲಿತ್ತು?

ಸಂಜೆ ರಾಶಿ ಮಾಡುವಾಗ ಸುಶೀಲಕ್ಕ ಸಿಂಚನಳನ್ನು ಕೂರಿಸಿಕೊಂಡು ಸಮುದ್ರದ ಬಗ್ಗೆ ಕೇಳುತ್ತಿದ್ದರು. ನೀರು ಮುಂದೆ ಎಲ್ಲಿಯವರೆಗೆ ಹೋಗುತ್ತದೆ, ರಾತ್ರಿಯೂ ಅಲೆ ನಿಲ್ಲುವುದಿಲ್ಲವಾ, ಕಾಲಡಿಯ ಮರಳು ಜಾರುವಾಗ ತಲೆ ತಿರುಗುತ್ತದಾ. ಎಷ್ಟೋ ಡಿಸೆಂಬರುಗಳನ್ನು ನಮ್ಮ ಕಣದಲ್ಲಿ ಕಳೆದ ಅವರೂ ಸಮುದ್ರ ನೋಡಿರಲಿಲ್ಲ ಎಂಬುದು ನನ್ನ ತಲೆಗೆ ಹೋದದ್ದು ಆಗ. ಕೊನೆಗೆ ಅವರು ನನ್ನ ಕಡೆ ತಿರುಗಿದರು. “ಬರೋ ವರ್ಷ ನಾನೂ ಮೂರು ದಿನ ಹೋಗಿ ಬರ್ತೀನಿ ಸಣ್ಣಯ್ಯ. ಮಗಳು ಕಡಲ ಪಕ್ಕ ಉಳ್ಳಾಲದಲ್ಲೇ ಇದಾಳೆ, ಕರೀತಾನೇ ಇರ್ತಾಳೆ. ಕಣಕ್ಕೆ ನೀವಿರ್ತೀರಲ್ಲ.”

“ಖಂಡಿತ ಹೋಗಿ ಬನ್ನಿ, ಎಂಟು ದಿನ ಇದ್ದು ಬನ್ನಿ,” ಎಂದೆ. ಮನಸ್ಸಾರೆ ಹೇಳಿದೆ. ಟಾರ್ಪಾಲಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ. ಅರ್ಧ ಎಳೆಯುವಷ್ಟರಲ್ಲಿ ತಡೆಯಲಾಗಲಿಲ್ಲ.

“ಹೋಗುವಾಗ ಫೋನು ಜೊತೇಲೇ ಇಟ್ಕೊಳ್ತೀರಲ್ಲ ಸುಶೀಲಕ್ಕ?”

“ಇಟ್ಕೊಳ್ತೀನಿ. ಯಾಕೆ?”

“ಏನಿಲ್ಲ,” ಎಂದೆ, “ಇಲ್ಲಿ ಮೋಡ ಎದ್ದರೆ ಮುಚ್ಚಬೇಕೋ ಬೇಡವೋ ಅಂತ ಕೇಳೋದಕ್ಕೆ.”