ಬಚ್ಚಲುಮನೆಯ ಸಮನ್ವಯ ಸಭೆ

ಸಾಹೇಬರ ಮನೆಯಲ್ಲಿದ್ದುದು ಒಂದೇ ಬಚ್ಚಲುಮನೆ. ಅದನ್ನೇ ಅವರು ಸಮನ್ವಯಕ್ಕೆ ಬಲಿ ಕೊಟ್ಟರು.

ಕಟ್ಟಡ ಕಂಪನಿಯೊಂದರಲ್ಲಿ ಸಾಮಗ್ರಿ ಪೂರೈಕೆಯ ಯೋಜನೆ ಹಾಕುವುದು ಸಾಹೇಬರ ಕೆಲಸ. ಗಾರೆಯವನು ಕೈ ಚಾಚಿದಾಗಲೇ ಇಟ್ಟಿಗೆ ಬರಬೇಕು, ಒಂದು ಗಂಟೆ ಮೊದಲೂ ಬರಕೂಡದು, ಗೋದಾಮಿನಲ್ಲಿ ಬಿದ್ದಿರುವುದೆಲ್ಲ ಸತ್ತ ದುಡ್ಡು ಎಂಬುದು ಅವರ ವೇದವಾಕ್ಯ. ಅದರ ಬಲದಿಂದ ಕಂಪನಿಯ ಗೋದಾಮನ್ನೇ ಮುಚ್ಚಿಸಿ, ಸ್ಟೋರ್‌ಕೀಪರನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದ್ದರು. (ಆ ಮನೆ ಸಾಹೇಬರ ಮನೆಯ ಕೆಳಗಿನ ಮಹಡಿಯಲ್ಲೇ ಇದೆ ಎಂಬುದು ಯೋಜನೆ ಹಾಕುವಾಗ ಅವರಿಗೆ ಹೊಳೆದಿರಲಿಲ್ಲ.)

ತಿಂಗಳ ಕೊನೆಗೆ ಅತ್ತೆ ಬರುವವರಿದ್ದರು. ಅವರಿಗೆ ಮಂಡಿನೋವು. ಅಷ್ಟರೊಳಗೆ ಬಚ್ಚಲು ಒಡೆಸಿ, ಹೊಸದು ಕಟ್ಟಿಸಿ, ಕಮೋಡ್ ಕೂರಿಸಬೇಕೆಂದು ಹೆಂಡತಿಯ ಆಜ್ಞೆಯಾಯಿತು.

"ಸಾಮಾನೆಲ್ಲ ಮೊದ್ಲು ತಂದು ಹಾಲ್‌ನಲ್ಲಿ ಹಾಕ್ಸಿ. ಒಡೆಸೋದು ಆಮೇಲೆ," ಎಂದಳು ಅವಳು.

"ಅದೆಲ್ಲ ಅಜ್ಜನ ಕಾಲದ ಬುದ್ಧಿ! ಈಗೇನಿದ್ರೂ ಸಮನ್ವಯ ಕಣೇ, ಸಮನ್ವಯ!"

"ಅಮ್ಮ ಕೂತ್ಕೋಬೇಕಾಗಿರೋದು ಕಮೋಡ್ ಮೇಲೆ ಕಣ್ರೀ, ಸಮನ್ವಯದ ಮೇಲಲ್ಲ."

ಸಾಹೇಬರು ಕೇಳಲಿಲ್ಲ. ಹಳೆಯ ಬಚ್ಚಲು ಒಡೆದ ಸಂಜೆಯೇ ಗಾರೆಯವನು, ಪ್ಲಂಬರು, ಟೈಲ್ಸಿನವನು ಮೂವರನ್ನೂ ಸೋಫಾದ ಮೇಲೆ ಕೂರಿಸಿ, ಚಹಾ ಕೊಡಿಸಿ, ಉಪದೇಶ ಮಾಡಿದರು. ಯಾರೂ ಇನ್ನೊಬ್ಬರ ಕೆಲಸ ಕೆಡಿಸಬಾರದು, ಇನ್ನೊಬ್ಬರನ್ನು ಕೇಳದೆ ಕೈ ಹಚ್ಚಬಾರದು, ಮೂವರೂ ಒಪ್ಪಿದ ಮೇಲೇ ಸಾಮಾನು ತರಿಸಬೇಕು. ಅಲ್ಲಿಯವರೆಗೆ ಹಾವು ಮುಂಗುಸಿಯಂತಿದ್ದ ಮೂವರೂ ಕರಗಿಹೋದರು.

ಮಾರನೆಯ ದಿನದಿಂದ ಬಚ್ಚಲಿನಲ್ಲಿ ರಾಮರಾಜ್ಯ.

"ಪ್ಲಂಬರಣ್ಣ ಪೈಪ್ ಹಾಕ್ಲಿ ಸಾರ್, ಆಮೇಲೆ ಗೋಡೆ ಎತ್ತೋಣ," ಎಂದ ಗಾರೆಯವನು.

"ಟೈಲ್ಸ್ ಎಷ್ಟು ದಪ್ಪ ಅಂತ ಅವ್ರು ಹೇಳ್ಲಿ, ಆಮೇಲೆ ಪೈಪು," ಎಂದ ಪ್ಲಂಬರು.

"ಗೋಡೆನೇ ಇಲ್ದೆ ಟೈಲ್ಸ್ ಹೆಂಗೆ ಆರಿಸ್ಲಿ ಸಾರ್?" ಎಂದ ಟೈಲ್ಸಿನವನು.

ಮೂವರ ಮಾತೂ ಸರಿಯೇ. ದಿನಾ ಸಂಜೆ ಸಭೆ ಸೇರಿದರು, ಚಹಾ ಕುಡಿದರು, ಒಬ್ಬರನ್ನೊಬ್ಬರು ಹೊಗಳಿಕೊಂಡು ಮನೆಗೆ ಹೋದರು. ಅಡುಗೆಮನೆಯಲ್ಲಿ ಸಕ್ಕರೆ ಖಾಲಿಯಾಯಿತು; ಬಚ್ಚಲಿಗೆ ಒಂದು ಹಿಡಿ ಮರಳೂ ಬೀಳಲಿಲ್ಲ.

ಇತ್ತ ಬೆಳಗಾದರೆ ಸಾಹೇಬರು ಟವೆಲು ಹೆಗಲಿಗೇರಿಸಿ ಸ್ಟೋರ್‌ಕೀಪರ್ ಬಾಗಿಲಲ್ಲಿ ನಿಲ್ಲಬೇಕಾಯಿತು. "ಬನ್ನಿ ಸಾರ್, ಬನ್ನಿ! ನೀರು, ಸೋಪು ಎಲ್ಲಾ ಸ್ಟಾಕ್ ಇಟ್ಟಿದೀನಿ. ಸತ್ತ ದುಡ್ಡು ಅಂತಿದ್ರಲ್ಲ, ಅದೇ," ಎಂದು ಆತ ಬಾಯ್ತುಂಬ ಸ್ವಾಗತಿಸುತ್ತಿದ್ದ. ಸಾಹೇಬರಿಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವರಿಗೆ ಮುಖಕ್ಕಿಂತ ಹೊಟ್ಟೆಯ ಚಿಂತೆಯೇ ದೊಡ್ಡದಾಗಿರುತ್ತಿತ್ತು.

ಅತ್ತೆ ಬರುವ ದಿನ ಹತ್ತಿರವಾದಾಗ ಹೆಂಡತಿ ಚಹಾ ನಿಲ್ಲಿಸಿ ಫೋನು ಎತ್ತಿಕೊಂಡಳು.

ಗಾರೆಯವನಿಗೆ: "ನೀವು ಕಟ್ಟಿದ ಗೋಡೆ ಸೊಟ್ಟ ಇರುತ್ತೆ ಅಂತ ಟೈಲ್ಸಿನವ್ರು ಹೇಳ್ತಿದ್ರಪ್ಪ. ನಾನೇನೋ ನಂಬ್ಲಿಲ್ಲ."

ಟೈಲ್ಸಿನವನಿಗೆ: "ಎಲ್ಲಾ ತಡ ಆಗ್ತಿರೋದು ನಿಮ್ಮಿಂದ್ಲೇ ಅಂತ ಪ್ಲಂಬರು ಊರೆಲ್ಲಾ ಸಾರ್ತಿದಾರಂತೆ."

ಪ್ಲಂಬರಿಗೆ: "ನೀವು ಹಾಕಿದ ಪೈಪು ಸೋರದೇ ಇರೋ ಮನೆ ಒಂದಾದ್ರೂ ತೋರಿಸ್ಲಿ ಅಂತ ಗಾರೆಯವ್ರು ನಗ್ತಿದ್ರು."

ಮರುದಿನ ಕೋಳಿ ಕೂಗುವ ಮೊದಲೇ ಮೂವರೂ ಬಚ್ಚಲಿನ ಮೇಲೆ ದಂಡೆತ್ತಿ ಬಂದರು. ಮರಳು, ಪೈಪು, ಟೈಲ್ಸು, ಯಾರನ್ನೂ ಕೇಳದೆ ಎಲ್ಲವೂ ಒಟ್ಟಿಗೇ ಬಂದು, ಹಾಲ್‌ನಲ್ಲಿ ಸೋಫಾ ಕಾಣದಂತಾಯಿತು. ಅವರಾಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಗೋಡೆ ಕೂದಲೆಳೆಯಷ್ಟೂ ವಾಲಲಿಲ್ಲ, ಪೈಪು ಒಂದು ಹನಿಯೂ ಸೋರಲಿಲ್ಲ. ಅತ್ತೆ ಬರುವ ಹಿಂದಿನ ಸಂಜೆ ಕಮೋಡ್ ಸಿಂಹಾಸನಾರೂಢವಾಯಿತು.

ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿ, ಅದರ ಫೋಟೋವನ್ನು ಎಲ್ಲ ದಿಕ್ಕಿನಿಂದಲೂ ತೆಗೆದರು. ಅತ್ತೆ ಬಂದ ಮಾರನೆಯ ಬೆಳಗ್ಗೆ ಆಫೀಸಿನಲ್ಲಿ ಅವರ ಉಪನ್ಯಾಸವಿತ್ತು: 'ಸಮನ್ವಯದ ಸಾಧನೆ, ಸಚಿತ್ರವಾಗಿ'.

ಅಂದು ಬೆಳಗ್ಗೆ ಹೊಟ್ಟೆ ಗುಡುಗಿತು. ಓಡಿ ಹೋದರೆ ಬಚ್ಚಲಿನ ಬಾಗಿಲು ಹಾಕಿತ್ತು.

"ಅಮ್ಮ ಇದಾರೆ. ಆಮೇಲೆ ನಾನು, ಆಮೇಲೆ ಮಗಳು, ಆಮೇಲೆ ನೀವು," ಎಂದಳು ಹೆಂಡತಿ.

"ಯಾರನ್ನ ಕೇಳಿ ಈ ಪ್ಲಾನು?"

"ಸಭೆ ಮಾಡಿದ್ವಲ್ಲ. ನೀವು ಫೋಟೋ ತೋರಿಸ್ಕೊಂಡು ಬೀದಿ ಸುತ್ತುತಿದ್ರಿ."

ಸಾಹೇಬರು ಟವೆಲು ಎಳೆದುಕೊಂಡು, ಮೆಟ್ಟಿಲಿಳಿದು, ಕೆಳಮನೆಯ ಬಾಗಿಲು ಬಡಿದರು. ಸ್ಟೋರ್‌ಕೀಪರು ಅರ್ಧ ಬಾಗಿಲು ತೆರೆದು ಗಡಿಯಾರ ನೋಡಿದ.

"ಅಯ್ಯೋ, ಈಗ್ಲೇ ಬಂದ್ಬಿಟ್ರಾ ಸಾರ್? ಒಳಗೆ ನಮ್ಮನೆಯವ್ರು ಇದಾರೆ. ಒಂದು ಗಂಟೆ ಮೊದ್ಲೂ ಬರಬಾರ್ದು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಎಂದು, ಬಹಳ ಮರ್ಯಾದೆಯಿಂದ ಬಾಗಿಲು ಹಾಕಿಕೊಂಡ.