ಫೋನು ಯಾರಿಗೆ?

ಚಿಕ್ಕಮುಳ್ಳಿನ ಕಿವಿಯೊಳಗೆ ಆ ಹೆಂಗಸು ಸೇರಿಕೊಂಡು ಅಂದಿಗೆ ಏಳು ದಿನವಾಗಿತ್ತು.

ಹೆಂಗಸೆಂದರೆ ಮೈಕೈ ಇರುವ ಹೆಂಗಸಲ್ಲ. ಮಗಳು ತಂದುಕೊಟ್ಟ, ಕೊರಳಿಗೆ ಹಾಕುವ ವೈರ್‌ಲೆಸ್ ಹೆಡ್‌ಸೆಟ್ಟಿನೊಳಗಿನ ಹೆಂಗಸು. ಫೋನ್ ಬಂದ ಕೂಡಲೇ, ಮೆಟ್ಟಿಲ ಮೇಲಿಂದ ಸ್ಟೀಲ್ ಲೋಟಗಳನ್ನು ಉರುಳಿಸಿದಂತೆ ಐದು ಸ್ವರಗಳು ಕೇಳಿಸುತ್ತಿದ್ದವು. ಆಮೇಲೆ ಅವಳು ವಿಮಾನ ಹೊರಡಿಸುವವಳ ಗತ್ತಿನಲ್ಲಿ "ಇನ್‌ಕಮಿಂಗ್ ಕಾಲ್!" ಎಂದು ಕಿವಿಯ ತಮಟೆಗೇ ಬಾಯಿಟ್ಟು ಹೇಳುತ್ತಿದ್ದಳು.

ಬೇರೆ ಕಸುಬಿನವರಾಗಿದ್ದರೆ ಇದನ್ನು ಸಹಿಸಿಕೊಳ್ಳಬಹುದಿತ್ತು. ಚಿಕ್ಕಮುಳ್ಳಿನದು ಗಡಿಯಾರ ರಿಪೇರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಎಳ್ಳಿನ ಕಾಲುಭಾಗದಷ್ಟಿರುವ ಸ್ಕ್ರೂವನ್ನು ಚಿಮುಟದ ತುದಿಯಲ್ಲಿ ಎತ್ತಿ ಅದರ ತೂತಿಗೆ ಇಳಿಸುವ ಗಳಿಗೆಯಲ್ಲಿ ಮೆದುಳಿನೊಳಗೆ ಐದು ಲೋಟ ಉರುಳಿದರೆ ಆ ಸ್ಕ್ರೂ ಎಲ್ಲಿಗೆ ಹೋದೀತೆಂದು ಹೇಳಲು ಬ್ರಹ್ಮನಿಗೂ ಆಗದು.

ತೆಗೆದಿಡೋಣವೆಂದರೆ ಹೆಂಡತಿಯ ಆಣೆ ಇತ್ತು. ಹಿಂದಿನ ತಿಂಗಳು ಅವಳು ಬೀಗದ ಕೈ ಮರೆತು, ಮನೆಯ ಬಾಗಿಲಲ್ಲಿ ತರಕಾರಿ ಚೀಲ ಹಿಡಿದು ನಿಂತು, ಹನ್ನೆರಡು ಸಲ ಫೋನ್ ಮಾಡಿದ್ದಳು. ಆಗ ಚಿಕ್ಕಮುಳ್ಳಿನ ಎರಡೂ ಕೈ ಒಂದು ಗೋಡೆಗಡಿಯಾರದ ಹೊಟ್ಟೆಯೊಳಗಿದ್ದವು. "ಕೈ ಖಾಲಿ ಇಲ್ಲ ಅನ್ನೋ ಕತೆ ಇನ್ಮೇಲೆ ಬೇಡ. ಇದನ್ನ ಕಿವಿಯಿಂದ ತೆಗೆದ್ರೆ ಅಂಗಡೀಲೇ ಮಲಕ್ಕೊಳ್ಳಿ" ಎಂದು ಅವಳೇ ಅದನ್ನು ಕೊರಳಿಗೆ ಹಾಕಿ ಕಳಿಸಿದ್ದಳು. ಹಾಗಾಗಿ ಅದರ ಎರಡು ಕಿವಿಗುಂಡಿಗಳಲ್ಲಿ ಒಂದನ್ನು ಎಡಗಿವಿಗೆ ಸಿಕ್ಕಿಸಿ, ಟಿಕ್‌ಟಿಕ್ ಆಲಿಸಲು ಬಲಗಿವಿ ಬೇಕಾದ್ದರಿಂದ ಇನ್ನೊಂದನ್ನು ಎದೆಯ ಮೇಲೆ ಇಳಿಬಿಡುತ್ತಿದ್ದ. ಕೆಲಸ ಮುಗಿದ ಮೇಲೆ ಎರಡೂ ಗುಂಡಿಗಳು ಹೊಸ ದಂಪತಿಯಂತೆ ಒಂದನ್ನೊಂದು ಅಂಟಿಕೊಂಡು ಅವನ ಅಂಗಿಯ ಮೇಲೆ ತೂಗುತ್ತಿದ್ದವು.

ಐವತ್ತಾರು ವರ್ಷ ವಯಸ್ಸಿನ, ಸೊಂಟದ ಪಟ್ಟಿಗೆ ವರ್ಷಕ್ಕೊಂದು ಹೊಸ ತೂತು ಕೊರೆಯುವ ಮನುಷ್ಯನಿಗೆ ಚಿಕ್ಕಮುಳ್ಳು ಎಂಬ ಹೆಸರು ಬರಲು ಅವನ ಅಪ್ಪ ಕಾರಣ. ಅಂಗಡಿ ಇಟ್ಟವರು ಅವರು. ಬೀದಿಯವರೆಲ್ಲ ಅವರನ್ನು ದೊಡ್ಡಮುಳ್ಳು ಎನ್ನುತ್ತಿದ್ದರು. ದೊಡ್ಡಮುಳ್ಳು ತೀರಿಕೊಂಡು ಹದಿನೆಂಟು ವರ್ಷವಾದರೂ ಮಗನಿಗೆ ಬಡ್ತಿ ಸಿಕ್ಕಿರಲಿಲ್ಲ. ಅವರ ಕೈಬರಹದ ಹಲಗೆಯೊಂದು ಈಗಲೂ ಮಗನ ನೆತ್ತಿಯ ಮೇಲೆ ತೂಗುತ್ತಿತ್ತು: "ಈ ಅಂಗಡಿಯೊಳಗೆ ಅಯಸ್ಕಾಂತ ತರಬಾರದು." ಅಯಸ್ಕಾಂತ ಸೋಕಿದರೆ ಗಡಿಯಾರದ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡು, ಗಡಿಯಾರ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತದೆ. ಒಮ್ಮೆ ಲೌಡ್‌ಸ್ಪೀಕರ್ ಹೊತ್ತು ಬಂದ ಗಿರಾಕಿಯನ್ನು ದೊಡ್ಡಮುಳ್ಳು ರಸ್ತೆಯಲ್ಲೇ ನಿಲ್ಲಿಸಿ, ಅವನ ವಾಚನ್ನಷ್ಟೇ ಒಳಗೆ ಬಿಟ್ಟುಕೊಂಡಿದ್ದರಂತೆ.

ಆ ದಿನ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಲೋಟಗಳು ಉರುಳಿದವು. ಚಿಮುಟದಲ್ಲಿದ್ದ ಸ್ಕ್ರೂ ಮಾಯವಾಯಿತು.

"ಏನೋ, ಆಯ್ತೇನೋ?"

ಫೋನಿನಲ್ಲಿದ್ದವರು ದೊಡ್ಡ ಮಿಸ್. ಐದನೇ ಕ್ಲಾಸಿನಲ್ಲಿ ಅವನಿಗೆ ಮಗ್ಗಿ ಕಲಿಸಿ, ಹೆಡ್‌ಮಿಸ್ಸಾಗಿ ನಿವೃತ್ತರಾದವರು. ತೀರಿಕೊಂಡ ಯಜಮಾನರ ಕೈಗಡಿಯಾರವನ್ನು ಅವರು ಅಂಗಡಿಗೆ ಕೊಟ್ಟು ಮೂರು ತಿಂಗಳಾಗಿತ್ತು.

"ಆಗ್ತಾ ಇದೆ ಮಿಸ್."

"ಹೋಂವರ್ಕಿಗೂ ಹೀಗೇ ಹೇಳ್ತಿದ್ದೆ. ಇವತ್ತು ಐದು ಗಂಟೆಗೆ ಬರ್ತೀನಿ. ಅಲ್ಲೀವರೆಗೂ ಗಂಟೆಗೊಂದು ಸಲ ಫೋನ್ ಮಾಡ್ತೀನಿ. ನಡೀತಿರಬೇಕು. ಇಲ್ದಿದ್ರೆ ಆ ಗಾಜಿನ ಬಾಗಿಲಿನ ಹೊಸ ವಾಚಂಗಡಿಯವನಿಗೆ ಕೊಟ್ಟು, ಒಳಗಿರೋದೆಲ್ಲ ಕಿತ್ತು ಹಾಕಿಸಿ ಬ್ಯಾಟರಿ ಕೂರಿಸ್ಕೊಳ್ತೀನಿ."

ಚಿಕ್ಕಮುಳ್ಳು ಥಟ್ಟನೆ ವಾಚನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ. ಆ ವಾಚಿನ ಹಿಂಬದಿಯ ಮುಚ್ಚಳದ ಒಳಗೆ ಅಪ್ಪ ಸೂಜಿಯಿಂದ ಕೊರೆದ ಪುಟ್ಟ ಗುರುತಿತ್ತು. ಅವರು ಅದನ್ನು ನಾಲ್ಕು ಸಲ ತೊಳೆದು ಎಣ್ಣೆ ಹಾಕಿದ್ದರು. ಅಂಥದರ ಕರುಳು ಕಿತ್ತು ಬ್ಯಾಟರಿ ತುಂಬುವುದೆಂದರೆ! ಫೋನ್ ಎತ್ತದೆ ಇರೋಣವೆಂದರೆ ಮಿಸ್ ಆಗಲೇ ಖುದ್ದಾಗಿ ಬಂದು ಎದುರಿಗೆ ಕೂರುವವರು. ಅವರು ಎದುರಿಗೆ ಕೂತರೆ ಅವನಿಗೆ ಈಗಲೂ ಏಳೆಂಟ್ಲ ಎಷ್ಟೆಂಬುದು ಮರೆತುಹೋಗುತ್ತಿತ್ತು.

ಪಕ್ಕದಂಗಡಿಯ ಟೈಲರ್ ಟೇಪು ಕೊರಳಲ್ಲೇ ಹಾಕಿಕೊಂಡು ಬಂದ. ಬಂದವನು ಕಂಡದ್ದು ಮೇಜಿನ ಕೆಳಗೆ ಚಿಕ್ಕಮುಳ್ಳಿನ ಹಿಂಭಾಗ.

"ಏನಣ್ಣಾ, ಪೂಜೆನಾ?"

"ಸ್ಕ್ರೂ ಬಿತ್ತಯ್ಯಾ. ಈ ಹಾಳು ಟ್ಯೂನಿಗೆ ಕೈ ಹಾರುತ್ತೆ."

"ಟ್ಯೂನ್ ಬದಲಾಯ್ಸಿ ಅತ್ಲಾಗೆ. ಕೊಡಿ ಇಲ್ಲಿ, ನಮ್ಮ ಭಾವನ ಹತ್ರ ಇಂಥದ್ದೇ ಇದೆ."

ಭಾವನ ಬಳಿ ಇರುವುದೇ ಅರ್ಹತೆಯೆಂದುಕೊಂಡು ಟೈಲರ್ ಹೆಡ್‌ಸೆಟ್ಟಿನ ಮೂರು ಒತ್ತುಗುಂಡಿಗಳನ್ನು ಕಾಜಾ ಹೊಲಿಯುವವನ ಶ್ರದ್ಧೆಯಿಂದ ಒತ್ತಿದ. ಹನ್ನೊಂದಕ್ಕೆ ಮಿಸ್ ಫೋನ್ ಮಾಡಿದಾಗ ಲೋಟಗಳು ಹಾಗೇ ಉರುಳಿದವು. ಹೆಂಗಸು ಮಾತ್ರ ಯಾವುದೋ ದೇಶದ ಭಾಷೆಯಲ್ಲಿ ಬೈಯತೊಡಗಿದಳು. ಅಪ್ಪನ ಕಾಲದ ಡಬ್ಬಿಯಿಂದ ಹುಡುಕಿ ತೆಗೆದಿದ್ದ ಎರಡನೇ ಸ್ಕ್ರೂ ಕೂಡ ಹೋಯಿತು.

ಅಷ್ಟರಲ್ಲಿ ಎದುರುಗಡೆಯ ಫೋಟೋ ಸ್ಟುಡಿಯೋದವನು ಬಂದ. ಬೀದಿಯಲ್ಲಿ ಯಾರ ಫೋನ್ ಕೆಟ್ಟರೂ ಅವನೇ ವೈದ್ಯ. ರೋಗಿ ಉಳಿದದ್ದೂ ಉಂಟು.

"ಸದ್ದೇ ಬೇಡ ಅಂಕಲ್, ವೈಬ್ರೇಶನ್ನಿಗೆ ಇಡ್ತೀನಿ. ಫೋನ್ ಬಂದ್ರೆ ಮೆತ್ತಗೆ ಕೊರಳಲ್ಲಿ ಗೊತ್ತಾಗುತ್ತೆ ಅಷ್ಟೆ."

ಮೆತ್ತಗೆ ಎಂದರೆ ಏನೆಂಬುದು ಹನ್ನೆರಡಕ್ಕೆ ತಿಳಿಯಿತು. ಕೊರಳ ಮೇಲೆ ಹಲ್ಲಿ ಬಿದ್ದು ಅದಕ್ಕೆ ಚಳಿಜ್ವರ ಬಂದ ಹಾಗಾಯಿತು. ಚಿಕ್ಕಮುಳ್ಳು ಕೂಗಿಕೊಂಡ ಸದ್ದಿಗೆ ಟೈಲರನ ಮಿಶನ್ ನಿಂತಿತು. ಮೂರನೇ ಸ್ಕ್ರೂ!

ಈಗ ಮೂವರೂ ನೆಲದ ಮೇಲೆ ಮಂಡಿಯೂರಿದರು. ಟಾರ್ಚ್ ಬಂತು, ಪೊರಕೆ ಬಂತು. ಧೂಳನ್ನು ಜರಡಿ ಹಿಡಿದದ್ದೂ ಆಯಿತು. ಅಂಗಿಯ ಹಳೆಯ ಒಂದು ಗುಂಡಿ, ಸತ್ತ ಜಿರಳೆ, ಮಗಳು ಮಗುವಾಗಿದ್ದಾಗ ಕಳೆದುಕೊಂಡ ಕಿವಿಯ ಓಲೆ ಸಿಕ್ಕವು. ಸ್ಕ್ರೂ ಒಂದೂ ಸಿಗಲಿಲ್ಲ. ಚಿಕ್ಕಮುಳ್ಳು ಬಗ್ಗಿದಾಗಲೆಲ್ಲ ಎದೆಯ ಮೇಲಿನ ಗುಂಡಿ ತಾನೂ ಹುಡುಕುತ್ತಿರುವಂತೆ ನೆಲದುದ್ದಕ್ಕೂ ತೂಗಾಡಿತು.

ಊಟದ ಹೊತ್ತಿಗೆ ಸ್ಟುಡಿಯೋದವನು ಇನ್ನೊಂದು ಪ್ರಯತ್ನ ಮಾಡಿದ. ಅದೇನು ಮಾಡಿದನೋ, ಹೆಡ್‌ಸೆಟ್ಟು ಹೋಗಿ ಟೈಲರನ ಫೋನಿಗೆ ಗಂಟುಬಿತ್ತು. ಚಿಕ್ಕಮುಳ್ಳಿನ ಕಿವಿಯಲ್ಲಿ ಗಂಡಸೊಬ್ಬ ಗುಡುಗಿದ:

"ಏನ್ರೀ ಇದು? ಒಂದು ಉದ್ದ, ಒಂದು ಗಿಡ್ಡ!"

"ಹಾಗೇ ಇರಬೇಕಲ್ಲ ಸ್ವಾಮಿ" ಎಂದ ಚಿಕ್ಕಮುಳ್ಳು ಸಮಾಧಾನದಿಂದ. "ಎರಡೂ ಒಂದೇ ಅಳತೆ ಇದ್ರೆ ಗಂಟೆ ಯಾವುದು, ನಿಮಿಷ ಯಾವುದು ಅಂತ ಹೇಗೆ ಗೊತ್ತಾಗ್ಬೇಕು?"

ಅತ್ತ ಕಡೆಯ ದನಿ ಇನ್ನೂ ಏರಿತು. "ಅಂಗಿ ತೋಳಿಗೆ ಎಂಥ ಗಂಟೆ ರೀ?"

ಟೈಲರ್ ಹಣೆ ಚಚ್ಚಿಕೊಂಡ. "ಅಣ್ಣಾ, ಇದ್ದೊಬ್ಬ ಒಳ್ಳೆ ಗಿರಾಕಿನ ಕಳ್ಕೊಂಡೆ ನಿಮ್ಮಿಂದ."

ಸ್ಟುಡಿಯೋದವನು ಗಂಟು ಬಿಡಿಸಿ, ಬೆವರು ಒರೆಸಿಕೊಂಡು ಹೇಳಿದ: "ಅಂಕಲ್, ಈ ಟ್ಯೂನ್ ಹೆಡ್‌ಸೆಟ್ಟಿನ ಹೊಟ್ಟೆಯೊಳಗೇ ಹುಟ್ಟಿದ್ದು, ತೆಗೆಯೋಕಾಗಲ್ಲ. ಆದ್ರೆ ಒಂದು ದಾರಿ ಇದೆ. ಫೋನಿಗೆ ಯಾವ ಸದ್ದು ಇಡ್ತೀವೋ ಅದೇ ಕಿವಿಯಲ್ಲೂ ಕೇಳೋ ಹಾಗೆ ಮಾಡ್ಬಹುದು. ನೀವು ಬೆಚ್ಚಿಬೀಳದೇ ಇರೋ ಸದ್ದು ಯಾವುದು, ಹೇಳಿ."

ಚಿಕ್ಕಮುಳ್ಳು ಯೋಚಿಸಬೇಕಾಗಲಿಲ್ಲ. ಕಪಾಟಿನ ಮೇಲೆ ಬಟ್ಟೆ ಹೊದ್ದು ಕೂತಿದ್ದುದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟ. ಕಪ್ಪು ಫೋನು. ಬೆರಳಿಟ್ಟು ತಿರುಗಿಸುವ ಚಕ್ರ, ಪಾವು ಅಕ್ಕಿಯಷ್ಟು ತೂಕದ ರಿಸೀವರು.

ಒಂದು ಕಾಲದಲ್ಲಿ ಇಡೀ ಬೀದಿಗೆ ಇದ್ದ ಫೋನು ಇದೊಂದೇ. ಅದರ ಗಂಟೆಗೆ ದೊಡ್ಡಮುಳ್ಳು ಕಾನೂನು ಮಾಡಿದ್ದರು. ಮೊದಲ ಗಂಟೆಗೆ ಕೈಯಲ್ಲಿದ್ದುದನ್ನು ಬಿಡಬೇಕು, ಎರಡನೆಯದಕ್ಕೆ ಏಳಬೇಕು, ಮೂರನೆಯದಕ್ಕೆ ರಿಸೀವರು ಕಿವಿಯಲ್ಲಿರಬೇಕು. "ಹಲೋ, ಗಡಿಯಾರದಂಗಡಿ, ಯಾರನ್ನ ಕರೀಲಿ?" ಎಂದು ಕೇಳಿ ಚಿಕ್ಕಮುಳ್ಳು ಚಪ್ಪಲಿಯನ್ನೂ ಮೆಟ್ಟದೆ ಓಡುತ್ತಿದ್ದ. ಯಾರಿಗೋ ಕೆಲಸ ಸಿಕ್ಕ ಸುದ್ದಿ, ಯಾರದೋ ಅತ್ತೆ ಹೋದ ಸುದ್ದಿ, ಯಾವುದೋ ಹುಡುಗಿ ಒಪ್ಪಿದ ಸುದ್ದಿ. ಇಪ್ಪತ್ತು ವರ್ಷ ಓಡಿದ್ದ. ಆ ಫೋನಿಗೆ ಬಂದ ಸಾವಿರಾರು ಕರೆಗಳಲ್ಲಿ ಒಂದೇ ಒಂದು ಕೂಡ ಅವನಿಗಾಗಿ ಬಂದದ್ದಲ್ಲ. ಆಗ ಗಂಟೆ ಬಾರಿಸಿದಾಗಲೆಲ್ಲ ಒಳಗೊಳಗೇ, ಈ ಸಲವಾದರೂ ತನಗಿರಲಿ ಎಂದುಕೊಳ್ಳುತ್ತಿದ್ದ.

"ನೀನು ಹುಟ್ಟಿದ ಸುದ್ದಿ ಬಂದದ್ದೂ ಇದಕ್ಕೇ" ಎಂದ ಸ್ಟುಡಿಯೋದವನಿಗೆ. "ನಿಮ್ಮಪ್ಪ ಆಗ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೀತಿದ್ರು. ನಾನು ಖುಷಿಯಲ್ಲಿ ಬಾಗಿಲು ತೆರೆದುಬಿಟ್ಟೆ. ಒಂದು ಮದುವೆಯ ಅಷ್ಟೂ ಫೋಟೋ ಕಪ್ಪಾಗಿ ಹೋದ್ವು."

"ಅದಕ್ಕೇ ನಮ್ಮಪ್ಪ ನನ್ನ ಹುಟ್ಟುಹಬ್ಬ ಬಂದ್ರೆ ನಿಟ್ಟುಸಿರು ಬಿಡ್ತಿದ್ರು" ಎಂದ ಅವನು.

ತಂತಿ ಕತ್ತರಿಸಿ ವರ್ಷಗಳಾಗಿದ್ದ ಫೋನಿಗೆ ದನಿ ಬರಿಸಬೇಕಿತ್ತು. ಚಿಕ್ಕಮುಳ್ಳು ಅದರ ತಳ ಬಿಚ್ಚಿದ. ಒಳಗಿನ ಎರಡು ಹಿತ್ತಾಳೆ ಬಟ್ಟಲುಗಳನ್ನು ಒರೆಸಿ, ಹಳೆಯ ಅಲಾರಂ ಗಡಿಯಾರದ ಸುತ್ತಿಗೆಯನ್ನು ಅವುಗಳ ನಡುವೆ ಕೂರಿಸಿ, ಕೀ ಕೊಟ್ಟು ಬಿಟ್ಟ.

ಟ್ರಿಣ್ ಟ್ರಿಣ್... ಟ್ರಿಣ್ ಟ್ರಿಣ್...

ಸ್ಟುಡಿಯೋದವನು ಚಿಕ್ಕಮುಳ್ಳಿನ ಮೊಬೈಲಿನಲ್ಲಿ ಸದ್ದನ್ನು ಹಿಡಿದುಕೊಂಡ. ಅಷ್ಟರಲ್ಲಿ ಪಕ್ಕದ ಅಂಗಡಿಯ ಹಿಂದಿನ ಮನೆಯಿಂದ ಟೈಲರನ ತಾಯಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. ಎಂಬತ್ತೆರಡರ ಅಜ್ಜಿಗೆ ಮಗ ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ, ಇದು ಕೇಳಿಸಿತ್ತು.

"ಯಾರಿಗಪ್ಪಾ ಫೋನು? ನಮ್ಮ ತಮ್ಮಂದಾ?"

"ಯಾರಿಗೂ ಇಲ್ಲ ಅಜ್ಜಿ, ಸುಮ್ನೆ" ಎಂದ ಚಿಕ್ಕಮುಳ್ಳು.

"ಹಾಗಾದ್ರೆ ಬಂದಾಗ ಕರಿ" ಎಂದು ಅಜ್ಜಿ ಹಿಂದಿರುಗಿದರು. ಆ ತಮ್ಮ ಹೋಗಿ ಒಂಬತ್ತು ವರ್ಷವಾಗಿತ್ತು.

ಮೂರು ಗಂಟೆಗೆ ಎಲ್ಲ ಸಿದ್ಧವಾಯಿತು. ಮೊಬೈಲು ಮೇಜಿನ ಮೇಲೆ, ಪಕ್ಕದಲ್ಲಿ ಕಪ್ಪು ಫೋನು. ಮಿಸ್ ಯಾಕೋ ಮಧ್ಯಾಹ್ನ ಫೋನ್ ಮಾಡಲಿಲ್ಲ, ಮಲಗಿರಬೇಕು. ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಸ್ಕ್ರೂಗಳು ಒಂದೊಂದಾಗಿ ಮಾತು ಕೇಳಿ ಕೂತವು. ಅಪ್ಪನ ಕೈ ತನ್ನ ಕೈಯೊಳಗೆ ಬಂದು ಕೂತ ಹಾಗೆ ಚಿಕ್ಕಮುಳ್ಳಿಗೆ ಅನಿಸಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಉಳಿದದ್ದು ಒಂದೇ ಕೆಲಸ: ಕೂದಲಿಗಿಂತ ತೆಳುವಾದ ಸುರುಳಿ ಸ್ಪ್ರಿಂಗನ್ನು ಅದರ ಜಾಗಕ್ಕೆ ಇಳಿಸುವುದು. ಅದಕ್ಕೆ ಬದಲಿ ಡಬ್ಬಿಯಲ್ಲೂ ಇರಲಿಲ್ಲ, ಊರಿನಲ್ಲೂ ಇರಲಿಲ್ಲ. ಚಿಮುಟದಲ್ಲಿ ಎತ್ತಿದ. ಉಸಿರು ಬಿಗಿಹಿಡಿದ.

ಟ್ರಿಣ್ ಟ್ರಿಣ್...

ಅವನು ಬೆಚ್ಚಲಿಲ್ಲ. ಎಷ್ಟು ಮಾತ್ರಕ್ಕೂ ಬೆಚ್ಚಲಿಲ್ಲ. ಮೊದಲ ಗಂಟೆಗೆ, ಅಪ್ಪ ಕಲಿಸಿದಂತೆ, ಕೈಯಲ್ಲಿದ್ದುದನ್ನು ಬಿಟ್ಟ. ಎರಡನೆಯದಕ್ಕೆ ಸ್ಟೂಲು ಹಿಂದಕ್ಕೆ ಬೀಳುವಂತೆ ಎದ್ದ. ಮೂರನೆಯದಕ್ಕೆ ಕಪ್ಪು ಫೋನಿನ ರಿಸೀವರು ಅವನ ಬಲಗಿವಿಯಲ್ಲಿತ್ತು.

"ಹಲೋ, ಗಡಿಯಾರದಂಗಡಿ, ಯಾರನ್ನ ಕರೀಲಿ?"

"ನನ್ನನ್ನೇ ಕರಿಯೋ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಮೊಬೈಲು ಹಿಡಿದು ದೊಡ್ಡ ಮಿಸ್ ಹೊಸ್ತಿಲಲ್ಲಿ ನಿಂತಿದ್ದರು. "ಆಗೆಲ್ಲ ಶನಿವಾರ ಐದು ಗಂಟೆಗೆ ನೀನು ಬಂದು ಕರೀತಿದ್ದದ್ದು ನನ್ನನ್ನೇ ಅಲ್ವೇನೋ? ನಮ್ಮ ಯಜಮಾನರು ಪರವೂರಿಂದ ಫೋನ್ ಮಾಡೋರು. ಇನ್ನೂ ಮದುವೆ ಆಗಿರ್ಲಿಲ್ಲ. ನಿಮ್ಮಪ್ಪ ಗೋಡೆ ಕಡೆ ತಿರುಗಿ ಕೂತು, ಕೇಳಿಸದವರ ಹಾಗೆ ಗಡಿಯಾರಕ್ಕೆ ಕೀ ಕೊಡೋರು. ಒಂದೇ ಗಡಿಯಾರಕ್ಕೆ, ಹತ್ತು ನಿಮಿಷ."

ಚಿಕ್ಕಮುಳ್ಳು ರಿಸೀವರು ಇಟ್ಟು ಮೇಜು ನೋಡಿದ. ಸ್ಪ್ರಿಂಗು ಇರಲಿಲ್ಲ. ಅವನ ಮುಖ ಅಳುವ ಹಾಗಾಯಿತು. "ಮಿಸ್, ಅದು... ಈಗ ಕೈಯಲ್ಲೇ ಇತ್ತು..."

ದೊಡ್ಡ ಮಿಸ್ ಹತ್ತಿರ ಬಂದು, ಕನ್ನಡಕ ಸರಿಪಡಿಸಿಕೊಂಡು, ಮೂವತ್ತೈದು ವರ್ಷ ಹುಡುಗರ ಕಾಪಿ ಚೀಟಿ ಹಿಡಿದ ಕಣ್ಣುಗಳಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎದೆ ಮೇಲೆ ಅದೇನೋ ಮಿಂಚ್ತಿರೋದು?"

ಅವನು ತಲೆ ಬಗ್ಗಿಸಿದ. ಇಳಿಬಿಟ್ಟ ಗುಂಡಿಯ ಬೆನ್ನಿಗೆ, ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ, ಮೂರು ಸ್ಕ್ರೂಗಳು ಅಂಟಿಕೊಂಡಿದ್ದವು. ಅವುಗಳ ಮೇಲೆ ಆ ಸುರುಳಿ ಸ್ಪ್ರಿಂಗು, ಸುರುಳಿಗೆ ಸುರುಳಿ ಕಚ್ಚಿಕೊಂಡು ಮುದುಡಿ ಕೂತಿತ್ತು.

"ಅಯಸ್ಕಾಂತ" ಎಂದ ಚಿಕ್ಕಮುಳ್ಳು, ಬಹಳ ಮೆಲ್ಲಗೆ. ನೆತ್ತಿಯ ಮೇಲಿನ ಹಲಗೆಯನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ. ಏಳು ದಿನ ಆ ಗುಂಡಿ ಇದೇ ಮೇಜಿನ ಮೇಲೆ ತೂಗಾಡಿತ್ತು. ಈ ಏಳು ದಿನದಲ್ಲಿ ಹನ್ನೊಂದು ಗಡಿಯಾರ ರಿಪೇರಿಯಾಗಿ ಹೊರಗೆ ಹೋಗಿದ್ದವು.

ಹೆಡ್‌ಸೆಟ್ಟನ್ನು ಹಾವಿನಂತೆ ಕೊರಳಿಂದ ಕಿತ್ತು ರಸ್ತೆಯಾಚೆ ಇಟ್ಟು ಬಂದ. ಬರುವಷ್ಟರಲ್ಲಿ ಮೇಜಿನ ಮೇಲಿನ ಮೊಬೈಲು ಕಪ್ಪು ಫೋನಿನ ದನಿಯಲ್ಲಿ ಕೂಗುತ್ತಿತ್ತು. ಬೇಕರಿಯವನು.

"ಏನಣ್ಣಾ, ಮೊನ್ನೆ ಕೊಟ್ಟ ವಾಚು ದಿನಕ್ಕೆ ಒಂದು ಗಂಟೆ ಮುಂದೆ ಓಡುತ್ತಲ್ಲ! ನಾಲ್ಕಕ್ಕೇ ಎದ್ದು ಹಿಟ್ಟು ಕಲಸ್ತಿದ್ದೀನಿ."

ಇಟ್ಟ ಕೂಡಲೇ ಇನ್ನೊಂದು. ಬಸ್ ಕಂಡಕ್ಟರ್. ಇಟ್ಟ ಕೂಡಲೇ ಮತ್ತೊಂದು.

ದೊಡ್ಡ ಮಿಸ್ ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಕೂತಿದ್ದರು. ಅವನ ಕೈ ಮೊಬೈಲಿನತ್ತ ಹೋಗುವುದನ್ನು ತಡೆದರು.

"ಎತ್ತಬೇಡ ಕಣೋ. ಇನ್ನೆರಡು ಸಲ ಬಾರಿಸಲಿ." ಕಣ್ಣು ಮುಚ್ಚಿ ಆಲಿಸಿದರು. "ವಾಚು ಇನ್ನೂ ಮೂರು ತಿಂಗಳು ನಿನ್ನ ಹತ್ರಾನೇ ಇರಲಿ. ಬ್ಯಾಟರಿ ಗೀಟರಿ ಬೇಡ. ನಾಳೆಯಿಂದ ಅರ್ಧ ಗಂಟೆಗೊಂದು ಸಲ ಫೋನ್ ಮಾಡಿ ವಿಚಾರಿಸ್ಕೊಳ್ತೀನಿ. ಮಾಡೋದು ಇಲ್ಲೇ ಕೂತು. ಗಂಟೆ ಕೇಳಿಸ್ಬೇಕಲ್ಲ."

ಟ್ರಿಣ್ ಟ್ರಿಣ್... ಟ್ರಿಣ್ ಟ್ರಿಣ್...

ಗೋಡೆ ಹಿಡಿದುಕೊಂಡು ಅಜ್ಜಿ ಮತ್ತೆ ಬಾಗಿಲಿಗೆ ಬಂದರು. "ಈಗ ಬಂತೇನಪ್ಪಾ? ಫೋನು ಯಾರಿಗೆ?"

ಚಿಕ್ಕಮುಳ್ಳು ಕಪ್ಪು ಫೋನನ್ನು ನೋಡಿದ, ಕೂಗುತ್ತಿದ್ದ ಮೊಬೈಲನ್ನು ನೋಡಿದ, ಕೊನೆಗೆ ತಲೆಯೆತ್ತಿ ಅಪ್ಪನ ಹಲಗೆಯನ್ನೂ ನೋಡಿದ.

"ನನಗೇ ಅಜ್ಜಿ" ಎಂದ. "ಎಲ್ಲಾ ನನಗೇ."