ಪ್ರಮಾಣಿತ ಸೋರಿಕೆ

ಕಲಿಕೆ ಅಳೆಯಬಹುದಾದ ಪದಾರ್ಥ ಎಂದು ನಮ್ಮ ಸಮುದಾಯ ಕಾಲೇಜಿನ ಆಡಳಿತ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ಅದಕ್ಕೂ ಮುಂಚೆ ಕಾಲೇಜಿನಲ್ಲಿ ಕಲಿಕೆ ಇತ್ತು, ಅಳತೆ ಇರಲಿಲ್ಲ. ಈ ಕೊರತೆ ನೀಗಿಸಲು ಕಲಿಕಾ ಫಲಿತಾಂಶ ಅಧಿಕಾರಿ ಎಂಬ ಹುದ್ದೆ ಸೃಷ್ಟಿಯಾಯಿತು. ಹುದ್ದೆಗೊಂದು ಕೋಣೆ ಬೇಕಾದ್ದರಿಂದ ವೈರಿಂಗ್ ತರಗತಿಯನ್ನು ಮೆಟ್ಟಿಲ ಕೆಳಗಿನ ಜಾಗಕ್ಕೆ ಸ್ಥಳಾಂತರಿಸಲಾಯಿತು. ಅಲ್ಲಿ ಕರೆಂಟು ಇರಲಿಲ್ಲ. ವಿದ್ಯಾರ್ಥಿಗಳ ಸುರಕ್ಷತೆಯ ದೃಷ್ಟಿಯಿಂದ ಅದೇ ಮೇಲು ಎಂದು ಎಲ್ಲರೂ ಒಪ್ಪಿದರು.

ನಮ್ಮದು ದುಡಿದು ಬರುವವರ ಕಾಲೇಜು. ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡವರು, ಗಾಡಿ ಓಡಿಸುವವರು, ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುವ ತಾಯಂದಿರು ಸಂಜೆ ಹೊತ್ತಿಗೆ ಬಂದು ಹೊಲಿಗೆ, ಬೇಕರಿ, ವೈರಿಂಗ್, ಕೊಳಾಯಿ ಕೆಲಸ ಕಲಿಯುತ್ತಾರೆ. ಕೊಳಾಯಿ ವಿಭಾಗಕ್ಕೆ ಒಬ್ಬರೇ ಮೇಷ್ಟ್ರು. ಅವರನ್ನು ಎಲ್ಲರೂ ನಲ್ಲಿ ಮೇಷ್ಟ್ರು ಅಂತಲೇ ಕರೆಯುವುದು. ಅವರ ಪರೀಕ್ಷೆ ಸರಳ. ಕಾರಿಡಾರಿನ ನಲ್ಲಿಯನ್ನು ತಾವೇ ಕೆಡಿಸಿ, ವಿದ್ಯಾರ್ಥಿಯ ಕೈಗೆ ಸ್ಪ್ಯಾನರ್ ಕೊಟ್ಟು, "ಹೂಂ, ನಿಲ್ಲಿಸು" ಅನ್ನುತ್ತಿದ್ದರು. ನೀರು ನಿಂತರೆ ಪಾಸು. ನಿಲ್ಲದಿದ್ದರೆ ಒರೆಸುವ ಬಟ್ಟೆ ಅದೇ ವಿದ್ಯಾರ್ಥಿಯ ಕೈಗೆ.

ಹೊಸ ಅಧಿಕಾರಿ ಮೊದಲು ಕಾಲಿಟ್ಟದ್ದು ಈ ವಿಭಾಗಕ್ಕೆ. ಸಭ್ಯ ಮನುಷ್ಯ, ಇಸ್ತ್ರಿ ಕೆಡದ ಅಂಗಿ, ಯಾರ ಮೇಲೂ ದನಿ ಏರಿಸಿದವರಲ್ಲ.

"ವಿದ್ಯಾರ್ಥಿ ಕಲಿತಿದ್ದಾನೆ ಅನ್ನೋದಕ್ಕೆ ಸಾಕ್ಷ್ಯ ಏನು ಮೇಷ್ಟ್ರೇ?"

"ನೆಲ ಒಣಗಿರುತ್ತೆ ಸಾರ್."

"ನೆಲ ಮೊದಲಿನಿಂದಲೂ ಒಣಗಿರಬಹುದಲ್ಲ?"

ಮೇಷ್ಟ್ರು ನೆಲ ನೋಡಿದರು. ಅದು ಒಣಗಿತ್ತು.

"ಅಲ್ಲದೆ ನೀವು ಒಬ್ಬೊಬ್ಬರಿಗೆ ಒಂದೊಂದು ಥರ ಕೆಡಿಸ್ತೀರಿ," ಅಂದರು ಅಧಿಕಾರಿ. "ಒಬ್ಬನಿಗೆ ಜೋರು ಸೋರಿಕೆ, ಇನ್ನೊಬ್ಬನಿಗೆ ಸಣ್ಣದು. ಇದು ಅನ್ಯಾಯ. ಎಲ್ಲರಿಗೂ ಒಂದೇ ಸೋರಿಕೆ ಸಿಗಬೇಕು."

ಮರುವಾರ ಸುತ್ತೋಲೆ ಹೊರಟಿತು. ಕಾರಿಡಾರಿನ ನಲ್ಲಿಯ ಸೋರಿಕೆಯನ್ನು ಇಂದಿನಿಂದ "ಪ್ರಮಾಣಿತ ಸೋರಿಕೆ" ಎಂದು ಪರಿಗಣಿಸತಕ್ಕದ್ದು. ಸದರಿ ಸೋರಿಕೆಯು ಕಾಲೇಜಿನ ಆಸ್ತಿಯಾಗಿರುತ್ತದೆ. ಅದನ್ನು ಹೆಚ್ಚಿಸುವುದಾಗಲಿ, ಕಡಿಮೆ ಮಾಡುವುದಾಗಲಿ, ಅದರಲ್ಲಿ ಕೈ ತೊಳೆಯುವುದಾಗಲಿ ನಿಷಿದ್ಧ. ವಿದ್ಯಾರ್ಥಿಯು ಸೋರಿಕೆಯನ್ನು ಗುರುತಿಸತಕ್ಕದ್ದು, ವಿವರಿಸತಕ್ಕದ್ದು, ವಿಶ್ಲೇಷಿಸತಕ್ಕದ್ದು.

"ನಿಲ್ಲಿಸೋದು ಬಿಟ್ಟುಹೋಗಿದೆ ಸಾರ್," ಅಂತ ಮೇಷ್ಟ್ರು ಸುತ್ತೋಲೆ ಹಿಡಿದು ಅಧಿಕಾರಿಯ ಬಳಿ ಹೋದರು.

"ಬಿಟ್ಟುಹೋಗಿಲ್ಲ, ಬಿಟ್ಟಿದ್ದೇವೆ. ಒಬ್ಬ ನಿಲ್ಲಿಸಿಬಿಟ್ಟರೆ ಮುಂದಿನವನು ಏನನ್ನು ವಿವರಿಸ್ತಾನೆ?"

ಮೇಷ್ಟ್ರು ಸುತ್ತೋಲೆ ಮಡಚಿಕೊಂಡು ವಾಪಸು ಬಂದರು. ನಿವೃತ್ತಿ ಹತ್ತಿರದಲ್ಲಿದ್ದವರು ವಾದಕ್ಕೆ ನಿಲ್ಲುವುದು ಕಡಿಮೆ.

ಆ ವರ್ಷದ ತರಗತಿಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಮೈದುನನೂ ಅದೇ ತರಗತಿಯಲ್ಲಿದ್ದು, ಅವನು ಮಾತೆತ್ತಿದರೆ "ಅತ್ತಿಗೆ, ಅತ್ತಿಗೆ" ಅನ್ನುತ್ತಿದ್ದುದರಿಂದ ಅವಳು ಇಡೀ ಕಾಲೇಜಿಗೇ ಅತ್ತಿಗೆಯಾದಳು. ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಬಿಸಿ ಹಬೆ, ಬಟ್ಟೆ ಸೋಡಾದ ನೀರಿಗೆ ಅಂಗೈ ಚರ್ಮ ಸುಲಿದು ಸುಲಿದು ಅನ್ನ ಕಲಸುವಾಗ ಉರಿಯುತ್ತಿತ್ತು. ಅದೇ ಆಸ್ಪತ್ರೆಯಲ್ಲಿ ಕೊಳಾಯಿ ನೋಡಿಕೊಳ್ಳುವ ಕೆಲಸ ಖಾಲಿ ಇತ್ತು. "ಸರ್ಟಿಫಿಕೇಟ್ ತಾರಮ್ಮ, ನೋಡೋಣ," ಅಂದಿದ್ದ ಅಲ್ಲಿನ ಮೇಲ್ವಿಚಾರಕ. ಅಷ್ಟೇ ಮಾತು ಸಾಕಾಗಿತ್ತು ಅವಳಿಗೆ. ಸೊಸೆ ಒಬ್ಬಳೇ ಸಂಜೆ ಹೊತ್ತು ಓಡಾಡುವುದು ಬೇಡ ಅಂತ ಅತ್ತೆ ಕಿರಿಮಗನನ್ನೂ ಜೊತೆಗೆ ಸೇರಿಸಿದ್ದಳು. ಅವನು ಹಿಂದಿನ ಬೆಂಚಿನಲ್ಲಿ ಅತ್ತಿಗೆಯ ಚೀಲಕ್ಕೆ ತಲೆ ಕೊಟ್ಟು ಮಲಗುತ್ತಿದ್ದ. ಮೇಷ್ಟ್ರು ಎಬ್ಬಿಸಿದರೆ, ಕಣ್ಣು ಮುಚ್ಚಿದರೆ ಪಾಠ ಚೆನ್ನಾಗಿ ಕೇಳಿಸುತ್ತದೆ ಎಂದು ವಿವರಿಸುತ್ತಿದ್ದ.

ಪರೀಕ್ಷೆಯ ದಿನ ಕಾರಿಡಾರಿನಲ್ಲಿ ಮೇಜು ಹಾಕಿಸಿ ಅಧಿಕಾರಿ ಕುಳಿತರು. ಪಕ್ಕದಲ್ಲಿ ಮೇಷ್ಟ್ರು. ಎದುರಿಗೆ ನಲ್ಲಿ, ತೊಟತೊಟ ಸೋರುತ್ತ ತನ್ನ ಕರ್ತವ್ಯ ನಿರ್ವಹಿಸುತ್ತಿತ್ತು.

ಮೊದಲು ಮೈದುನನ ಸರದಿ.

"ಏನು ಕಾಣ್ತಿದೆ?"

"ನೀರು ಕೆಳಗೆ ಬೀಳ್ತಿದೆ ಸಾರ್."

"ಯಾಕೆ?"

"ಮೇಲಕ್ಕೆ ಬೀಳೋಕಾಗಲ್ಲವಲ್ಲ ಸಾರ್."

ಅಧಿಕಾರಿ ಪೆನ್ನು ನಿಲ್ಲಿಸಿ ಅವನನ್ನೇ ನೋಡಿದರು. ಆಮೇಲೆ ಮೇಷ್ಟ್ರ ಕಡೆ ವಾಲಿ, "ವಿಶ್ಲೇಷಣೆ. ನೇರ ವಿಶ್ಲೇಷಣೆಗೇ ಹೋದ," ಅಂದರು. ಮೈದುನನಿಗೆ ಅತ್ಯುನ್ನತ ಶ್ರೇಣಿ ಬಂತು.

ಎರಡನೆಯವಳು ಅತ್ತಿಗೆ. ಆಸ್ಪತ್ರೆಯಿಂದ ನೇರ ಬಂದವಳು, ಸೆರಗಿನ್ನೂ ಒದ್ದೆಯಾಗಿತ್ತು. ಅಧಿಕಾರಿ ಅವಳ ಅಂಕಪಟ್ಟಿಯ ಹಾಳೆ ಹುಡುಕುತ್ತಿದ್ದರು. ಅವಳು ಕಾಯುತ್ತ ನಿಂತಳು. ನಲ್ಲಿ ಸೋರುತ್ತಲೇ ಇತ್ತು. ಸೋರುವ ನಲ್ಲಿಯ ಮುಂದೆ ಸುಮ್ಮನೆ ನಿಂತು ಅವಳಿಗೆ ಅಭ್ಯಾಸವಿರಲಿಲ್ಲ. ಚೀಲದಿಂದ ಸ್ಪ್ಯಾನರ್ ತೆಗೆದಳು, ಗೋಡೆಯ ವಾಲ್ವ್ ಮುಚ್ಚಿದಳು, ನಲ್ಲಿಯ ತಲೆ ಬಿಚ್ಚಿ ಸವೆದ ವಾಷರ್ ಕಿತ್ತು ಹೊಸದು ಕೂರಿಸಿದಳು. ಅಧಿಕಾರಿ ಹಾಳೆ ಸಿಕ್ಕಿತೆಂದು ತಲೆ ಎತ್ತಿದಾಗ ಕಾರಿಡಾರ್ ನಿಶ್ಶಬ್ದವಾಗಿತ್ತು.

"ಏನು ಮಾಡಿದಿರಿ?"

"ನಿಲ್ಲಿಸಿದೆ ಸಾರ್."

"ನಿಲ್ಲಿಸಿ ಅಂತ ಯಾರು ಹೇಳಿದರು?"

"ಸೋರ್ತಿತ್ತಲ್ಲ ಸಾರ್."

ಮೇಷ್ಟ್ರ ಮುಖದಲ್ಲಿ ಒಂದು ಗಳಿಗೆ ನಗು ಬಂತು. ಅಧಿಕಾರಿ ತಿರುಗಿದ್ದರಿಂದ ಅವರು ಅದನ್ನು ಕೆಮ್ಮಾಗಿ ಬದಲಾಯಿಸಿಕೊಂಡರು.

ಸಾಲಿನಲ್ಲಿ ಹಿಂದೆ ನಿಂತವರಿಗೆ ಪರೀಕ್ಷೆಗೆ ಸೋರಿಕೆಯೇ ಉಳಿಯಲಿಲ್ಲ. "ತಾನು ಒಬ್ಬಳೇ ಬಳಸಿ ಮುಗಿಸಿಬಿಟ್ಟಳು," ಅಂತ ಗೊಣಗಿದರು.

ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆಯಿತು. ಪ್ರಿನ್ಸಿಪಾಲರು ಒಳ್ಳೆಯವರು. ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದರು, ಪರಸ್ಪರ ವಿರುದ್ಧವಾದ ಮಾತುಗಳಿಗೂ.

"ಕಾಲೇಜಿನ ಆಸ್ತಿಗೆ ಧಕ್ಕೆ ತಂದವರು ಅದನ್ನು ಯಥಾಸ್ಥಿತಿಗೆ ತರಬೇಕು, ನಿಯಮ ಇದೆ," ಅಂದರು ಅಧಿಕಾರಿ. "ಸೋರಿಕೆ ಮೊದಲಿದ್ದಂತೆಯೇ ಆಗಬೇಕು. ಮುಂದಿನ ವಾರ ತಪಾಸಣಾ ತಂಡ ಬರ್ತಿದೆ."

ಪ್ರಿನ್ಸಿಪಾಲರು ತಲೆಯಾಡಿಸಿದರು.

"ಹಳೇ ವಾಷರ್ ಎಲ್ಲಿದೆಯಮ್ಮ?" ಅಂತ ಅಧಿಕಾರಿ ಅತ್ತಿಗೆಯನ್ನು ಕೇಳಿದರು.

"ಬಿಸಾಕಿದೆ ಸಾರ್. ಕೆಟ್ಟು ಹೋಗಿತ್ತು."

ಅಧಿಕಾರಿ ಕಣ್ಣು ಮುಚ್ಚಿ ತೆರೆದರು. ಎಲ್ಲರೂ ನಲ್ಲಿಯ ಬಳಿಗೆ ಬಂದ ಮೇಲೆ ಮೊದಲು ಅವರೇ ಸೋರಿಸಲು ಪ್ರಯತ್ನಿಸಿದರು. ನೀರು ಚಿಮ್ಮಿ ಅಂಗಿಯ ಇಸ್ತ್ರಿ ಹೋಯಿತು. ಅತ್ಯುನ್ನತ ಶ್ರೇಣಿಯ ಮೈದುನ ಸುತ್ತಿಗೆಯಿಂದ ಒಂದೇಟು ಕೊಟ್ಟು, ನಲ್ಲಿ ಪ್ರತಿಕ್ರಿಯಿಸುತ್ತಿಲ್ಲ ಎಂದು ವರದಿ ಮಾಡಿದ. ಕೊನೆಗೆ ಎಲ್ಲರೂ ಮೇಷ್ಟ್ರ ಕಡೆ ನೋಡಿದರು.

"ಯಾರಾದ್ರೂ ನಿಲ್ಲಿಸಲಿ ಅಂತ ಕೆಡಿಸ್ತಿದ್ದೆ ಸಾರ್," ಅಂದರು ಮೇಷ್ಟ್ರು. "ಕೆಟ್ಟಿರಲಿ ಅಂತ ಕೆಡಿಸೋದು ನನ್ನಿಂದಾಗಲ್ಲ."

ಉಳಿದವಳು ಅತ್ತಿಗೆ. ಯಥಾಸ್ಥಿತಿಗೆ ತಂದರೆ ಸರ್ಟಿಫಿಕೇಟಿನ ವಿಷಯ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂದು ಅಧಿಕಾರಿ ಹೇಳಿದರು. ಅವಳು ಹೊಸ ವಾಷರ್ ಹೊರತೆಗೆದು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಬ್ಲೇಡಿನಿಂದ ಅದರ ಅಂಚನ್ನು ಕೂದಲೆಳೆಯಷ್ಟು ಕೊಯ್ದಳು. ಮೇಷ್ಟ್ರು ಗೋಡೆಯ ಕಡೆ ತಿರುಗಿ ಅಲ್ಲಿದ್ದ ಸುತ್ತೋಲೆ ಓದತೊಡಗಿದರು. ನಲ್ಲಿ ತೊಟತೊಟ ಸೋರಿತು. ಅಧಿಕಾರಿ ಕಿವಿಗೊಟ್ಟು ಕೇಳಿ, "ಮೊದಲಿಗಿಂತ ಚೆನ್ನಾಗಿದೆ," ಅಂದರು.

ತಪಾಸಣಾ ತಂಡ ಬಂದು ಸೋರಿಕೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿತು. ಇಷ್ಟು ಸ್ಥಿರವಾದ ಸೋರಿಕೆಯನ್ನು ಬೇರೆ ಯಾವ ಕಾಲೇಜಿನಲ್ಲೂ ಕಂಡಿಲ್ಲವೆಂದು ಮುಖ್ಯಸ್ಥರು ಮೆಚ್ಚಿದರು. ಕಾಲೇಜಿಗೆ ಉತ್ಕೃಷ್ಟ ದರ್ಜೆ ಸಿಕ್ಕಿತು. ಉತ್ತೇಜನಗೊಂಡ ಹೊಲಿಗೆ ವಿಭಾಗ ಒಂದು ಪ್ರಮಾಣಿತ ಹರಕನ್ನೂ, ಬೇಕರಿ ವಿಭಾಗ ಒಂದು ಪ್ರಮಾಣಿತ ಸೀದ ಬ್ರೆಡ್ಡನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದವು.

ಅತ್ತಿಗೆಯ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು. ವಿವರಿಸುವ ಹಂತದಲ್ಲಿ ಅವಳು ಏನನ್ನೂ ವಿವರಿಸದೇ ಇದ್ದುದರಿಂದ ಕಲಿಕೆ ಇನ್ನೂ ಸಂಭವಿಸಿಲ್ಲ ಎಂದು ತಿಳಿದುಬಂತು. ಆಸ್ಪತ್ರೆಯ ಕೆಲಸ ಅತ್ಯುನ್ನತ ಶ್ರೇಣಿಯ ಸರ್ಟಿಫಿಕೇಟ್ ಇದ್ದ ಮೈದುನನಿಗೆ ಹೋಯಿತು.

"ಹೋಗ್ಲಿ ಬಿಡು, ನಮ್ಮನೇಲೇ ಉಳೀತಲ್ಲ ಕೆಲಸ," ಅಂದಳು ಅತ್ತೆ.

"ಉಳೀತು ಅತ್ತೆ," ಅಂದಳು ಸೊಸೆ, ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತ.

ಅಷ್ಟರಲ್ಲಿ ಕಾಲೇಜಿನಿಂದಲೇ ಕರೆ ಬಂತು. ಇಂಥ ಸೋರಿಕೆಯನ್ನು ಕಾಪಾಡಿಕೊಂಡು ಹೋಗಲು ಜನ ಬೇಕಿತ್ತು. ಸೋರಿಕೆ ನಿರ್ವಾಹಕಿ ಎಂಬ ಹುದ್ದೆ. ಸರ್ಟಿಫಿಕೇಟ್ ಕೇಳಿರಲಿಲ್ಲ. ಅವಳು ಒಂದು ದಿನ ಯೋಚಿಸಿ, ಕೈಗಳನ್ನು ನೋಡಿಕೊಂಡು, ಒಪ್ಪಿಕೊಂಡಳು.

ಸ್ವಲ್ಪ ದಿನಕ್ಕೆ ಮೈದುನನ ಫೋನು. "ಅತ್ತಿಗೆ, ಇಲ್ಲಿ ಹೆರಿಗೆ ವಾರ್ಡಿನಲ್ಲಿ ಪೈಪ್ ಒಡೆದಿದೆ."

"ಏನು ಮಾಡಿದೆ ನೀನು?"

"ಪೂರ್ತಿ ವಿವರಿಸಿದೆ. ಆದ್ರೂ ನೀರು ಬರ್ತಾನೇ ಇದೆ."

ಅವಳು ಹೋಗಿ, ಮಂಚಗಳ ಕೆಳಗೆ ತೆವಳಿ ಪೈಪ್ ಸರಿಮಾಡಿದಳು. ಅವನು ಕುರ್ಚಿ ಹಾಕಿಕೊಂಡು ನರ್ಸುಗಳಿಗೆ ಏನು ನಡೆಯುತ್ತಿದೆ ಎಂದು ತಿಳಿಸಿಹೇಳಿದ. ಆಮೇಲಾಮೇಲೆ ಇದು ವಾಡಿಕೆಯಾಯಿತು. ಅವನ ಸಂಬಳದಲ್ಲಿ ಅರ್ಧ ತನ್ನ ಕೈಗೆ ಬರಬೇಕು ಎಂದು ಅವಳು ಅತ್ತೆಯ ಮುಂದೆಯೇ ಮಾತು ಮುಗಿಸಿದಳು. ಮೈದುನ ಅದನ್ನು ವಿಶ್ಲೇಷಿಸಲು ಹೊರಟಾಗ ಅತ್ತೆ ಸುಮ್ಮನಿರಿಸಿದಳು. ನಿಮ್ಮ ವಿದ್ಯಾರ್ಥಿಯ ಕಾರ್ಯದಕ್ಷತೆ ಅಪಾರ, ಇಂಥವರನ್ನು ಇನ್ನಷ್ಟು ಕಳುಹಿಸಿ ಎಂದು ಆಸ್ಪತ್ರೆಯವರು ಕಾಲೇಜಿಗೆ ಬರೆದರು. ಹೊಸ ವಿಧಾನ ಫಲ ಕೊಟ್ಟಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿರಲಿಲ್ಲ. ನಲ್ಲಿ ಮೇಷ್ಟ್ರೂ ಆ ಪತ್ರವನ್ನು ತರಗತಿಯಲ್ಲಿ ಓದಿಹೇಳಿದರು. ಓದುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು. ಅದು ಯಾರ ಬಗ್ಗೆ ಎಂದು ಅವರು ಹೇಳಲಿಲ್ಲ.

ಮರುವರ್ಷ ಅತ್ತಿಗೆಗೆ ಮರುಪರೀಕ್ಷೆಗೆ ಅವಕಾಶ ಸಿಕ್ಕಿತು. ಬೆಳಿಗ್ಗೆ ತಾನೇ ಕೊಯ್ದು ಕೂರಿಸಿದ ವಾಷರಿನ ನಲ್ಲಿಯ ಮುಂದೆ, ಈ ಸಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಗುರುತಿಸಿ," ಅಂದರು ಅಧಿಕಾರಿ.

"ಸೋರ್ತಿದೆ ಸಾರ್."

"ಸರಿ. ಈ ಸೋರಿಕೆಗೆ ಕಾರಣ ಏನು?"

"ನಾನೇ ಸಾರ್."

ಅಧಿಕಾರಿ ಮಾದರಿ ಉತ್ತರದ ಹಾಳೆಯ ಮೇಲೆ ಬೆರಳಾಡಿಸಿದರು. ಕಾಲಕ್ರಮೇಣ ಆಗುವ ಸಹಜ ಸವೆತ ಎಂದು ಅಲ್ಲಿತ್ತು. ಅವರು ವಿಷಾದದಿಂದ ತಪ್ಪು ಗುರುತು ಹಾಕಿದರು.

"ಮುಂದಿನ ವರ್ಷ ನೋಡೋಣಮ್ಮ. ಸ್ವಲ್ಪ ಓದ್ಕೊಂಡು ಬನ್ನಿ."

"ಆಗ್ಲಿ ಸಾರ್," ಅಂದಳು ಅತ್ತಿಗೆ. ಹಿಂದೆ ಸಾಲು ಉದ್ದ ಇತ್ತು. ಅವಳು ಪಕ್ಕಕ್ಕೆ ಸರಿದು, ಸ್ಪ್ಯಾನರ್ ಎತ್ತಿಕೊಂಡು ಕೇಳಿದಳು: "ಹಿಂದೆ ನಿಂತವರಿಗೆ ಸರಿಯಾಗಿ ಕಾಣ್ತಿಲ್ಲವಂತೆ. ಒಂಚೂರು ಜಾಸ್ತಿ ಬಿಡ್ಲಾ ಸಾರ್?"